ರೂಪ ಕೊಟ್ಟವರ ಹೆಸರು ಪರದೆಯ ಮೇಲೆ ಬರಲಿ

ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಸ್ಮಶಾನದ ಕತ್ತಲಲ್ಲಿ ಅಂಜದೆ ಹೆಜ್ಜೆ ಹಾಕುವ ರಾಜ. ಇಷ್ಟು ಹೇಳಿದರೆ ಸಾಕು, 'ಚಂದಮಾಮ' ಓದಿ ಬೆಳೆದ ಯಾರಾದರೂ ವಿಕ್ರಮ-ಬೇತಾಳ ಎಂದು ಗುರುತಿಸುತ್ತಾರೆ. ಬೇತಾಳನ ಕಥೆಗಳು ಹಳೆಯವು, 11ನೇ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲೇ ಇವೆ. ಆದರೆ ನಮ್ಮ ಕಣ್ಣಿಗೆ ಕಟ್ಟಿದ ಆ ರಾಜನ ನಿಲುವು, ಆ ಮುಖದ ಗಟ್ಟಿತನ, ಹೆಗಲಿಂದ ಇಳಿಬಿದ್ದ ಆ ಹೆಣ ಸೋಮದೇವನ ಕೈಯಿಂದ ಬಂದದ್ದಲ್ಲ. ಅದನ್ನು ಬರೆದವರು ಕೆ.ಸಿ. ಶಿವಶಂಕರನ್. 1950ರ ದಶಕದ ಆರಂಭದಲ್ಲಿ ಮದರಾಸಿನ ಚಂದಮಾಮ ಕಚೇರಿ ಸೇರಿ, ದಶಕಗಳ ಕಾಲ 'ಶಂಕರ್' ಎಂಬ ಸಹಿಯಲ್ಲಿ ಚಿತ್ರ ಬರೆದು, 2020ರ ಸೆಪ್ಟೆಂಬರ್‌ನಲ್ಲಿ 90 ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರವನ್ನು ಬಲ್ಲವರು ಕೋಟಿಗಟ್ಟಲೆ, ಹೆಸರು ಬಲ್ಲವರು ಬೆರಳೆಣಿಕೆ. ಈ ಲೇಖನದ ವಾದ ಇಷ್ಟೇ: ಕಾಮಿಕ್ಸ್‌ನ ಪುಟದಿಂದ ಒಂದು ಪಾತ್ರ ಸಿನಿಮಾಕ್ಕೋ ಟಿ.ವಿ. ಸರಣಿಗೋ ಬಂದಾಗ, ಅದನ್ನು ಕಲ್ಪಿಸಿದ ಬರಹಗಾರನ ಜೊತೆಗೆ ರೂಪ ಕೊಟ್ಟ ಕಲಾವಿದನ ಹೆಸರೂ ಶುರುವಿನ ಟೈಟಲ್ ಕಾರ್ಡ್‌ನಲ್ಲೇ ಇರಬೇಕು. ಅದು ನಿರ್ಮಾಪಕರ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು.

ಹೆಸರು ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಸೂಪರ್‌ಹೀರೋಗಳ ತವರಾದ ಅಮೆರಿಕವೇ ತೋರಿಸಿಕೊಟ್ಟಿದೆ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೂಪರ್‌ಮ್ಯಾನ್‌ನ ಮೊದಲ ಕಥೆಯನ್ನೂ ಅದರ ಎಲ್ಲ ಹಕ್ಕುಗಳನ್ನೂ 130 ಡಾಲರಿಗೆ ಪ್ರಕಾಶನ ಕಂಪನಿಗೆ ಬರೆದುಕೊಟ್ಟರು. ಪುಟಕ್ಕೆ 10 ಡಾಲರ್‌ನಂತೆ 13 ಪುಟಗಳ ಲೆಕ್ಕ ಅದು. ಮುಂದೆ ಕೋರ್ಟು ಹತ್ತಿ ಸೋತರು, ಕಾಮಿಕ್ಸ್ ಮೇಲಿನ ಹೆಸರನ್ನೂ ಕಳೆದುಕೊಂಡರು. 1970ರ ದಶಕದಲ್ಲಿ ಸೂಪರ್‌ಮ್ಯಾನ್ ಮೇಲೆ ದೊಡ್ಡ ಬಜೆಟ್‌ನ ಸಿನಿಮಾ ಸಿದ್ಧವಾಗುತ್ತಿದ್ದಾಗ ಶುಸ್ಟರ್‌ಗೆ ಕಣ್ಣು ಮಂಜಾಗಿತ್ತು, ಇಬ್ಬರಿಗೂ ಕೈಯಲ್ಲಿ ಕಾಸಿರಲಿಲ್ಲ. ಸಹ ಕಲಾವಿದರು ದನಿ ಎತ್ತಿ, ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ, 1975ರ ಕೊನೆಗೆ ಕಂಪನಿ ಇಬ್ಬರಿಗೂ ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ ಒಪ್ಪಿಕೊಂಡಿತು, ಹೆಸರನ್ನೂ ಮರಳಿಸಿತು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಕಾನೂನಿನ ಪ್ರಕಾರ ಕಂಪನಿ ಗೆದ್ದಾಗಿತ್ತು, ಯಾರಿಗೂ ಒಂದು ಕಾಸು ಕೊಡಬೇಕಿರಲಿಲ್ಲ. ಆದರೂ ಕೊಡಬೇಕಾಯಿತು. ಒಡೆತನ ಬೇರೆ, ಕರ್ತೃತ್ವ ಬೇರೆ ಎಂಬುದು ಜನರಿಗೆ ಅರ್ಥವಾಗಿತ್ತು.

ಬ್ಯಾಟ್‌ಮ್ಯಾನ್‌ನ ಕಥೆ ಇದಕ್ಕಿಂತ ನೋವಿನದು, ಏಕೆಂದರೆ ಅಲ್ಲಿ ಅನ್ಯಾಯ ಮಾಡಿದ್ದು ಕಂಪನಿಯೊಂದೇ ಅಲ್ಲ, ಜೊತೆಗಾರನೂ ಹೌದು. 1939ರಲ್ಲಿ ಬಾಬ್ ಕೇನ್ ತಂದ ಮೊದಲ ಕರಡಿನಲ್ಲಿ ನಾಯಕನಿಗೆ ಸೆಟೆದ ರೆಕ್ಕೆಗಳಿದ್ದವು. ಅದರ ಬದಲು ಬಾವಲಿ ರೆಕ್ಕೆಯಂತೆ ಹರಡುವ ನಿಲುವಂಗಿ, ಕಿವಿಯಿರುವ ಮುಸುಕು, ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರು ಇವನ್ನೆಲ್ಲ ಕೊಟ್ಟವರು ಬರಹಗಾರ ಬಿಲ್ ಫಿಂಗರ್. ಒಪ್ಪಂದ ಮಾಡಿಕೊಂಡದ್ದು ಮಾತ್ರ ಕೇನ್ ಒಬ್ಬರೇ, ಅದರಲ್ಲಿ ಏಕೈಕ ಕರ್ತೃವೆಂದು ತಮ್ಮ ಹೆಸರನ್ನು ಬರೆಸಿಕೊಂಡರು. ಫಿಂಗರ್ 1974ರಲ್ಲಿ ಬಡತನದಲ್ಲಿ ತೀರಿಕೊಂಡರು. 1989ರ ಪ್ರಸಿದ್ಧ ಸಿನಿಮಾದಲ್ಲಿ ಕರ್ತೃವೆಂದು ಬಂದದ್ದು ಕೇನ್ ಹೆಸರೊಂದೇ. ಸಂಶೋಧಕ ಮಾರ್ಕ್ ಟೈಲರ್ ನೊಬಲ್‌ಮನ್ ವರ್ಷಗಟ್ಟಲೆ ದಾಖಲೆ ಹುಡುಕಿ, ಫಿಂಗರ್ ಮೊಮ್ಮಗಳನ್ನು ಪತ್ತೆಹಚ್ಚಿ, ಅವರಿಬ್ಬರೂ ಹಟ ಹಿಡಿದ ಮೇಲೆ 2015ರಲ್ಲಿ ಬ್ಯಾಟ್‌ಮ್ಯಾನ್‌ನ ಒಡೆತನವಿರುವ ಡಿ.ಸಿ. ಸಂಸ್ಥೆ ಮಣಿಯಿತು. 2016ರ 'ಬ್ಯಾಟ್‌ಮ್ಯಾನ್ ವಿ ಸೂಪರ್‌ಮ್ಯಾನ್' ಸಿನಿಮಾದಲ್ಲಿ ಕೇನ್ ಹೆಸರಿನ ಪಕ್ಕ ಫಿಂಗರ್ ಹೆಸರೂ ಬಂತು, ಪಾತ್ರ ಹುಟ್ಟಿ 77 ವರ್ಷಗಳ ಮೇಲೆ. ಮಾರ್ವೆಲ್‌ನ ಥ್ಯಾನೋಸ್ ಪಾತ್ರವನ್ನು ಸೃಷ್ಟಿಸಿದ ಜಿಮ್ ಸ್ಟಾರ್ಲಿನ್ ಮತ್ತೊಂದು ಸತ್ಯ ಹೊರಹಾಕಿದರು. ಇದೇ ಸಿನಿಮಾದಲ್ಲಿ ಬಂದುಹೋದ ತಮ್ಮ ಒಂದು ಸಣ್ಣ ಪಾತ್ರಕ್ಕೆ ಡಿ.ಸಿ. ಕೊಟ್ಟ ಹಣ, ಥ್ಯಾನೋಸ್, ಗಮೋರಾ, ಡ್ರ್ಯಾಕ್ಸ್ ಮೂವರಿಗೂ ಸೇರಿ ಮಾರ್ವೆಲ್‌ನಿಂದ ಬಂದದ್ದಕ್ಕಿಂತ ಹೆಚ್ಚು ಎಂದು 2017ರಲ್ಲಿ ಬಹಿರಂಗವಾಗಿ ಬರೆದರು. ಒಂದೇ ಬಗೆಯ ಕೆಲಸಕ್ಕೆ ಒಂದು ಕಂಪನಿ ಕೊಡಬಲ್ಲದಾದರೆ ಇನ್ನೊಂದಕ್ಕೆ ಅಸಾಧ್ಯವೇನಲ್ಲ.

ಇದು ದೂರದ ದೇಶದ ವ್ಯವಹಾರ, ನಮಗೇನು ಎಂದು ಕೇಳುವವರು 'ಅಮರ ಚಿತ್ರಕಥೆ'ಯ ಹುಟ್ಟನ್ನು ನೋಡಬೇಕು. ಆ ಮಾಲಿಕೆ ಎಂದೊಡನೆ ನೆನಪಾಗುವುದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಮಕ್ಕಳ 'ಅಂಕಲ್ ಪೈ'. 1967ರಲ್ಲಿ ಅವರು ಇದನ್ನು ಆರಂಭಿಸಿದರೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ಪುರಾಣದ ಕೃಷ್ಣನ ಸಂಚಿಕೆಗೆ ಸಿಕ್ಕಿದ್ದು 11ನೇ ಸಂಖ್ಯೆ. ಮೊದಲ ಹತ್ತು ಎಲ್ಲಿ ಹೋದವು? ಅವು ಪಾಶ್ಚಾತ್ಯ ಮಕ್ಕಳ ಕಥೆಗಳು, ಮೊದಲು ಬಂದದ್ದು ಕನ್ನಡದಲ್ಲಿ. ಮಾಲಿಕೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು, 1965ರಲ್ಲಿ ಸಂಸ್ಥೆಯ ಸಭೆಯೊಂದರಲ್ಲಿ ಕನ್ನಡದಲ್ಲಿ ಕಾಮಿಕ್ಸ್ ತರೋಣವೆಂದು ಸೂಚಿಸಿದವರು ತಾವೇ, ಅದು ಚೆನ್ನಾಗಿ ಮಾರಾಟವಾದ್ದರಿಂದಲೇ ಮುಂಬೈ ಕಚೇರಿ ಮುಂದುವರಿಯಿತು ಎಂದು ಹೇಳಿಕೊಂಡಿದ್ದಾರೆ. ಅನಂತ ಪೈ ಕಟ್ಟಿದ್ದು ಇದರಿಂದ ಕಿರಿದಾಗುವುದಿಲ್ಲ. ರಾಮಾಯಣ, ಮಹಾಭಾರತದಿಂದ ಹಿಡಿದು ಕೃಷ್ಣದೇವರಾಯನವರೆಗೆ ನೂರಾರು ಸಂಚಿಕೆ ರೂಪಿಸಿದ ಸಂಪಾದಕ ಅವರು, ಅನುಮಾನವೇ ಇಲ್ಲ. ಆದರೆ ಮಾಲಿಕೆಯ ಮೊದಲ ಹೆಜ್ಜೆ ಕನ್ನಡದಲ್ಲಿ ಬಿದ್ದಿತೆಂಬುದೇ ಕನ್ನಡಿಗರಿಗೆ ತಿಳಿಯದೆ ಉಳಿದದ್ದು, ಒಂದು ಕೆಲಸಕ್ಕೆ ಒಂದೇ ಹೆಸರು ಅಂಟಿಸುವ ನಮ್ಮ ಚಾಳಿಯಿಂದ. ಆ ಕೃಷ್ಣನಿಗೆ ರೂಪ ಕೊಟ್ಟವರು ರಾಮ್ ವಾಯೀರ್ಕರ್. 'ಟಿಂಕಲ್' ಪತ್ರಿಕೆಯ ಸುಪ್ಪಂಡಿಗೆ ಆ ಬೋಳುತಲೆಯನ್ನೂ ಜುಟ್ಟನ್ನೂ ಬರೆದವರೂ ಅವರೇ. ಸುಪ್ಪಂಡಿಯ ಮೊದಲ ಕಥೆಗಳನ್ನು ಕಳುಹಿಸಿದ್ದು ತಿರುಚಿರಾಪಳ್ಳಿಯ ಓದುಗ ಪಿ. ವರದರಾಜನ್ ಎಂಬುದು ಇಂದು ದಾಖಲಾಗಿದೆ. ಮುಂದೆ ಅನಿಮೇಷನ್ ಸರಣಿಯೂ ಆದ ಈ ಪಾತ್ರದ ಹಿಂದೆ ಹೀಗೆ ಓದುಗ, ಕಲಾವಿದ, ಸಂಪಾದಕ ಮೂವರೂ ನಿಲ್ಲುತ್ತಾರೆ. ಮೂರು ಹೆಸರು ಹೇಳಲು ಪರದೆಯ ಮೇಲೆ ಮೂರು ಸೆಕೆಂಡು ಸಾಕು.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ನಮ್ಮ ಸೂಪರ್‌ಹೀರೋಗಳು ಬಹುಪಾಲು ಪುರಾಣದವರು, ಜನಪದದವರು. ಅವರಿಗೆ ಕರ್ತೃ ಯಾರು? ಬಂಡ್ರಿ, ಸಂಡೂರು, ಕಂಪ್ಲಿ, ಹೊಸಪೇಟೆಯ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿನ ಮಕ್ಕಳಿಗೆ ಮಹಾಬಲದ ವೀರನನ್ನು ಹೊರಗಿನಿಂದ ತರಬೇಕಿಲ್ಲ. ತುಂಗಭದ್ರೆಯ ಆಚೆ ದಡದಲ್ಲಿ ಅಂಜನಾದ್ರಿ ಇದೆ, ಹನುಮ ಹುಟ್ಟಿದ ಬೆಟ್ಟವೆಂದು ಜನ ಹತ್ತಿ ಬರುತ್ತಾರೆ. ಕಂಪ್ಲಿಯಲ್ಲಿ ಗಂಡುಗಲಿ ಕುಮಾರರಾಮನ ನೆನಪಿದೆ. ದೆಹಲಿಯ ತುಘಲಕ್ ಸೇನೆಯನ್ನು ಎದುರಿಸಿ ಮಡಿದ ಆ ರಾಜಕುಮಾರನ ಮೇಲೆ 2006ರಲ್ಲಿ ಭಾರ್ಗವ ನಿರ್ದೇಶನದಲ್ಲಿ, ಶಿವರಾಜಕುಮಾರ್ ನಾಯಕತ್ವದಲ್ಲಿ ಸಿನಿಮಾವೇ ಬಂತು. ಹನುಮನಾಗಲಿ ಕುಮಾರರಾಮನಾಗಲಿ ಒಬ್ಬರ ಸೊತ್ತಲ್ಲ ಎಂಬುದು ನಿಜ. ಆದರೆ ಕಥೆ ಎಲ್ಲರದಾದ ಮಾತ್ರಕ್ಕೆ ಅದರ ಪ್ರತಿಯೊಂದು ರೂಪವೂ ಅನಾಥವಾಗುವುದಿಲ್ಲ. ಕುಮಾರರಾಮನ ಕಥೆ ಜನರ ಬಾಯಲ್ಲಿ ಹರಿದದ್ದು ಹೌದು, ಆದರೂ 16ನೇ ಶತಮಾನದಲ್ಲಿ ಅದನ್ನು ಸಾಂಗತ್ಯದಲ್ಲಿ ಕಟ್ಟಿದ ಕವಿ ನಂಜುಂಡನ ಹೆಸರನ್ನು ಕನ್ನಡ ಸಾಹಿತ್ಯ ಚರಿತ್ರೆ ಬಿಟ್ಟುಕೊಟ್ಟಿಲ್ಲ. ರಮಾನಂದ ಸಾಗರರ 1987ರ 'ರಾಮಾಯಣ' ಧಾರಾವಾಹಿ ತನ್ನ ಆಧಾರ ಗ್ರಂಥಗಳೆಂದು ವಾಲ್ಮೀಕಿ, ತುಲಸೀದಾಸರ ಜೊತೆಗೆ ತಮಿಳಿನ ಕಂಬ ರಾಮಾಯಣವನ್ನೂ ಕನ್ನಡದ 'ರಾಮಚಂದ್ರಚರಿತ ಪುರಾಣ'ವನ್ನೂ ಹೆಸರಿಸಿತು. ಅದನ್ನು ಬರೆದ ನಾಗಚಂದ್ರ ತೀರಿಕೊಂಡು ಶತಮಾನಗಳೇ ಕಳೆದಿವೆ, ಕೇಳುವ ವಾರಸುದಾರರಿಲ್ಲ. ಆದರೂ ಆತನ ಕೃತಿಯನ್ನು ನೆನೆದರು. ಕವಿಗೆ ಸಲ್ಲುವ ಈ ಮರ್ಯಾದೆ ಚಿತ್ರಕಾರನಿಗೆ ಏಕೆ ಸಲ್ಲಬಾರದು?

ಕಲಾವಿದ ಹೆಸರಿಗೆ ಆಸೆಪಡದಿರುವುದೇ ನಮ್ಮ ಪರಂಪರೆ ಎಂದು ಕೆಲವರು ಹೇಳುತ್ತಾರೆ, ಹಂಪಿಯ ಹಜಾರ ರಾಮ ದೇವಾಲಯವನ್ನು ತೋರಿಸುತ್ತಾರೆ. ಅದರ ಗೋಡೆಯಲ್ಲಿ ರಾಮಾಯಣ ಮೂರು ಸಾಲುಗಳಲ್ಲಿ, ಚೌಕಟ್ಟಿನ ಪಕ್ಕ ಚೌಕಟ್ಟಾಗಿ ಸಾಗುತ್ತದೆ. ಇಂದಿನ ಕಾಮಿಕ್ಸ್ ಪುಟ ಓದಿದ ಹಾಗೆಯೇ ಅದನ್ನು ಓದಿಕೊಂಡು ಸುತ್ತು ಹಾಕಬಹುದು. ನೋಡಿ ಬರುವವರಲ್ಲಿ ಕೆತ್ತಿದವರ ಹೆಸರು ಬಲ್ಲವರಿಲ್ಲ. ಆದರೆ ಅದೇ ಕನ್ನಡ ನೆಲದಲ್ಲಿ, ಅದಕ್ಕೂ ಮೊದಲೇ, ಹೊಯ್ಸಳರ ಶಿಲ್ಪಿಗಳು ತಮ್ಮ ಕೆಲಸದ ಬುಡದಲ್ಲಿ ಹೆಸರು ಕೆತ್ತಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ದಾಸೋಜ ತನ್ನ ಊರಿನ ಹೆಸರನ್ನೂ ಬರೆದುಕೊಂಡಿದ್ದಾನೆ. ಹೆಸರಿಲ್ಲದಿರುವುದು ಪರಂಪರೆ ಎನ್ನುವುದಾದರೆ ಹೆಸರಿಡುವುದೂ ಪರಂಪರೆಯೇ, ಎರಡರಲ್ಲಿ ಯಾವುದನ್ನು ಮುಂದುವರಿಸಬೇಕೆಂಬುದು ನಮ್ಮ ಆಯ್ಕೆ. ಹಂಪಿಯ ಸುತ್ತಣ ಈ ಸೀಮೆಯಲ್ಲಿ ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರ ಮನೆತನಗಳು ಹದ ಮಾಡಿದ ಚರ್ಮದ ಮೇಲೆ ಹನುಮನನ್ನೂ ರಾವಣನನ್ನೂ ಬಿಡಿಸಿ, ಬಣ್ಣ ತುಂಬಿ, ದೀಪದ ಮುಂದೆ ಕುಣಿಸಿದ್ದಾರೆ. ಅವರನ್ನೂ ಬಹುಕಾಲ ಒಂದು ಸಮುದಾಯವೆಂದಷ್ಟೇ ಕರೆದು ಬಿಟ್ಟೆವು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಕಲೆಗೆ ಒಂದು ಮುಖ, ಒಂದು ಹೆಸರು, ಒಂದು ಊರು ದೊರೆಯಿತು. ಅದರಿಂದ ಪರಂಪರೆಯ ಘನತೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಇನ್ನೊಂದು ಆಕ್ಷೇಪ ವ್ಯವಹಾರದ್ದು. ಕಲಾವಿದ ಸಂಬಳಕ್ಕೋ ಪುಟದ ಲೆಕ್ಕಕ್ಕೋ ಕೆಲಸ ಮಾಡಿದ, ಹಣ ತೆಗೆದುಕೊಂಡ, ಮತ್ತೇನು ಬಾಕಿ? ಇದಕ್ಕೆ ಉತ್ತರ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಇದೆ. ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ ಎನ್ನುತ್ತದೆ ಅದರ 17ನೇ ಕಲಂ. ಆದರೆ 57ನೇ ಕಲಂ, ಕೃತಿಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ ಎನ್ನುತ್ತದೆ. ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಹಕ್ಕನ್ನೂ ಕೊಡುತ್ತದೆ. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ 'ಆಪ್ ಕಾ ಬಂಟಿ' ಕಾದಂಬರಿಯನ್ನು ಸಿನಿಮಾ ಮಾಡಿದವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 1986ರಲ್ಲಿ ಈ ಹಕ್ಕು ಒಪ್ಪಂದಕ್ಕಿಂತ ಮೇಲಿನದು ಎಂದು ಸ್ಪಷ್ಟಪಡಿಸಿತು. ಮನೆ ಮಾರಿದವನಿಗೆ ಆ ಮನೆಯಲ್ಲಿ ಪಾಲಿಲ್ಲ ನಿಜ, ಆದರೆ ಅದನ್ನು ಕಟ್ಟಿದ್ದು ತಾನಲ್ಲ ಎಂದು ಅವನ ಬಾಯಲ್ಲಿ ಹೇಳಿಸಲಾಗದು. ಆದರೂ ಕಾಯ್ದೆಯಲ್ಲಿ ಒಂದು ಕಂದಕ ಉಳಿದಿದೆ. 2012ರ ತಿದ್ದುಪಡಿ, ಸಿನಿಮಾದಲ್ಲಿ ಬಳಸಿದ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಕರ್ತೃಗಳಿಗೆ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಲ್ಲಿ, ಬಿಟ್ಟುಕೊಡಲಾಗದ ರಾಯಧನದ ಹಕ್ಕು ಕೊಟ್ಟಿತು. ಹಾಡು ಬರೆದವರು, ರಾಗ ಕಟ್ಟಿದವರು ದಶಕಗಳ ಕಾಲ ಹೋರಾಡಿ ಪಡೆದ ನ್ಯಾಯ ಅದು. ಚಿತ್ರಕಲಾ ಕೃತಿ ಆ ಸಾಲಿನಲ್ಲಿ ಸೇರಲೇ ಇಲ್ಲ. ಹೀಗಾಗಿ ಕಾಮಿಕ್ಸ್‌ನ ಬರಹಗಾರನಿಗೆ ಕಾಯ್ದೆಯ ಆಸರೆಗೆ ಅಲ್ಪಸ್ವಲ್ಪ ದಾರಿಯಿದೆ, ಅದೇ ಪುಟದ ಕಲಾವಿದನಿಗೆ ಆ ದಾರಿಯೂ ಇಲ್ಲ.

ಒಂದು ಪಾತ್ರವನ್ನು ಹತ್ತಾರು ಜನ ದಶಕಗಳ ಕಾಲ ಬೆಳೆಸಿರುತ್ತಾರೆ, ಎಲ್ಲರ ಹೆಸರೂ ಹಾಕಲಾದೀತೆ ಎಂಬ ಕಷ್ಟ ಸುಳ್ಳಲ್ಲ. ಆದರೆ ಮೊದಲು ಸೃಷ್ಟಿಸಿದವರನ್ನು ಶುರುವಿನಲ್ಲೂ, ನಿರ್ದಿಷ್ಟ ಕಥಾಭಾಗ ಬರೆದವರನ್ನೂ ಚಿತ್ರಿಸಿದವರನ್ನೂ ಕೊನೆಯಲ್ಲೂ ಹೆಸರಿಸಿದರೆ ಅದು ಬಗೆಹರಿಯುತ್ತದೆ. ಗ್ರಾಫಿಕ್ಸ್ ಮಾಡಿದ ನೂರಾರು ಜನರ ಹೆಸರನ್ನು ನಿಮಿಷಗಟ್ಟಲೆ ಉರುಳಿಸುವ ಸಿನಿಮಾಗೆ ಜಾಗದ ಕೊರತೆಯ ನೆಪ ಹೊಂದುವುದಿಲ್ಲ. ಮಾಡಬೇಕೆಂಬ ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಕನ್ನಡ ಸಿನಿಮಾವೇ ಸಾಕ್ಷಿ. 'ಬೆಳ್ಳಿಮೋಡ', 'ಶರಪಂಜರ' ತ್ರಿವೇಣಿಯವರದು, 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 'ಬಂಗಾರದ ಮನುಷ್ಯ' ಟಿ.ಕೆ. ರಾಮರಾವ್ ಅವರದು ಎಂದು ಪುಸ್ತಕ ಮುಟ್ಟದ ಪ್ರೇಕ್ಷಕರಿಗೂ ತಿಳಿದದ್ದು ಪರದೆಯಿಂದ. ಆ ಹೆಸರುಗಳು ಸಿನಿಮಾಕ್ಕೆ ಮೆರುಗು ಕೊಟ್ಟವು, ಕಾದಂಬರಿಗಳಿಗೆ ಹೊಸ ಓದುಗರನ್ನು ತಂದವು. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆರ್.ಕೆ. ನಾರಾಯಣರ ಕಥೆಗಳ ಜೊತೆ ಆರ್.ಕೆ. ಲಕ್ಷ್ಮಣರ ರೇಖೆಗಳೂ ಅದರ ಆರಂಭದಲ್ಲೇ ಬಂದವು. ಮಾಲ್ಗುಡಿಯನ್ನು ನೆನೆವವರು ಅಣ್ಣತಮ್ಮಂದಿರಿಬ್ಬರನ್ನೂ ನೆನೆಯುತ್ತಾರೆ.

ಇಂದು ಸೂಪರ್‌ಹೀರೋ ಸಿನಿಮಾಗಳು, ಸರಣಿಗಳು ಕನ್ನಡಕ್ಕೆ ಡಬ್ ಆಗಿ ಹಳ್ಳಿಯ ಫೋನುಗಳವರೆಗೂ ಬರುತ್ತಿವೆ. ಡಬ್ ಮಾಡಿಸುವವರು ಮೂಲ ಕರ್ತೃಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ತೋರಿಸಲಿ. ಕನ್ನಡದಲ್ಲಿ ಮುಂದೆ ಕಾಮಿಕ್ಸ್ ತರುವ ಪ್ರಕಾಶಕರು ಬರಹಗಾರ, ಕಲಾವಿದ ಇಬ್ಬರ ಹೆಸರನ್ನೂ ಮುಖಪುಟದಲ್ಲಿ ಹಾಕಲಿ, ಪಾತ್ರ ಪರದೆಗೆ ಹೋದರೆ ಹೆಸರೂ ಪಾಲೂ ಜೊತೆಗೆ ಹೋಗುತ್ತವೆಂದು ಒಪ್ಪಂದದಲ್ಲೇ ಬರೆಯಲಿ. ಕರ್ನಾಟಕ ಚಲನಚಿತ್ರ ಅಕಾಡೆಮಿ, ಲಲಿತಕಲಾ ಅಕಾಡೆಮಿ ಮತ್ತು ಬೆಂಗಳೂರಿನಲ್ಲಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಒಟ್ಟಾಗಿ, ರಾಯಧನ ಪಡೆಯುವ ಕರ್ತೃಗಳ ಸಾಲಿನಲ್ಲಿ ಚಿತ್ರಕಾರರನ್ನೂ ಸೇರಿಸಿ ಕೃತಿಸ್ವಾಮ್ಯ ಕಾಯ್ದೆಯನ್ನು ತಿದ್ದುವಂತೆ ಕೇಂದ್ರ ಸರ್ಕಾರವನ್ನು ಕೇಳಬೇಕು. ನಮ್ಮ ಸಂಸದರೂ ಅದಕ್ಕೆ ದನಿಗೂಡಿಸಲಿ.