ವೈದ್ಯಕೀಯ ಕಾರಣಗಳ ಮೇಲೆ ಬಂದಿಗಳ ಅವಧಿಪೂರ್ವ ಬಿಡುಗಡೆ: ಕುಟುಂಬದವರ ಅವಗಾಹನೆಗೆ

ಮೈಸೂರು ಕೇಂದ್ರ ಕಾರಾಗೃಹದಲ್ಲಿರುವ ಬಂದಿಯೊಬ್ಬರು ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ ಅಥವಾ ಅಂತಹುದೇ ಗುಣವಾಗದ ಕಾಯಿಲೆಗೆ ತುತ್ತಾದಾಗ ಅವರನ್ನು ಅವಧಿಗೆ ಮುನ್ನವೇ ಬಿಡುಗಡೆ ಮಾಡುವಂತೆ ಕೋರಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕೆಂಬುದು ಬಂದಿಯ ಪ್ರಕರಣವು ಯಾವ ಹಂತದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ತಪ್ಪು ಕಚೇರಿಗೆ ಹೋದ ಅರ್ಜಿ ಹಿಂದಿರುಗಿ ಬರುವಷ್ಟರಲ್ಲಿ ಕಳೆದುಹೋಗುವ ವಾರಗಳು ತೀವ್ರ ಅಸ್ವಸ್ಥರ ಪಾಲಿಗೆ ಮರಳಿ ದೊರೆಯುವುದಿಲ್ಲ. ಆದುದರಿಂದ ಮೊದಲು ಈ ಅಂಶವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ವಿಚಾರಣೆ ಇನ್ನೂ ಮುಗಿಯದಿದ್ದಲ್ಲಿ ಬಂದಿಯು ವಿಚಾರಣಾಧೀನ ಬಂದಿ ಎನಿಸುತ್ತಾರೆ. ಇವರ ವಿಷಯದಲ್ಲಿ ಕಾರಾಗೃಹಕ್ಕಾಗಲಿ ಸರ್ಕಾರಕ್ಕಾಗಲಿ ಬಿಡುಗಡೆಯ ಅಧಿಕಾರವಿಲ್ಲ. ಜಾಮೀನು ನೀಡಬೇಕಾದುದು ನ್ಯಾಯಾಲಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 480, ಜಾಮೀನುರಹಿತ ಅಪರಾಧಗಳಲ್ಲಿಯೂ ಕಾಯಿಲೆಯಿಂದ ಬಳಲುತ್ತಿರುವವರು ಅಥವಾ ಅಶಕ್ತರಾದವರ ಕೋರಿಕೆಯನ್ನು ಪ್ರತ್ಯೇಕವಾಗಿ ಪರಿಗಣಿಸಲು ಅವಕಾಶ ಕಲ್ಪಿಸಿದೆ. ಶಿಕ್ಷೆಯಾಗಿ ಮೇಲ್ಮನವಿ ಬಾಕಿ ಇದ್ದಲ್ಲಿ, ಕಲಂ 430ರ ಅಡಿಯಲ್ಲಿ ಶಿಕ್ಷೆಯನ್ನು ಅಮಾನತ್ತಿನಲ್ಲಿಡುವಂತೆ ಮೇಲ್ಮನವಿ ನ್ಯಾಯಾಲಯವನ್ನೇ ಕೋರಬೇಕು.

ಶಿಕ್ಷೆ ಅಂತಿಮಗೊಂಡ ಬಂದಿಗಳ ವಿಷಯ ಬೇರೆ. ಇವರ ಉಳಿದ ಶಿಕ್ಷೆಯನ್ನು ಮಾಫಿ ಮಾಡುವ ಅಥವಾ ಅಮಾನತ್ತಿನಲ್ಲಿಡುವ ಅಧಿಕಾರವು ಸಂಹಿತೆಯ ಕಲಂ 473ರ ಅಡಿಯಲ್ಲಿ ರಾಜ್ಯ ಸರ್ಕಾರಕ್ಕಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ಅಧಿಕಾರ ಕಲಂ 432ರಲ್ಲಿತ್ತು. ಹಳೆಯ ಕಡತಗಳಲ್ಲಿ ಆ ಸಂಖ್ಯೆಯೇ ಕಾಣಿಸುತ್ತದೆ. ಬಂದಿಯು ತಾನೇ ಮನವಿ ಸಲ್ಲಿಸುವುದಾದರೆ ಅದು ಕಾರಾಗೃಹದ ಪ್ರಭಾರದಲ್ಲಿರುವ ಅಧಿಕಾರಿಯ ಮೂಲಕವೇ ಹೋಗಬೇಕು. ಕುಟುಂಬದವರು ಸಲ್ಲಿಸುವುದಾದರೆ, ಬಂದಿಯು ಕಾರಾಗೃಹದಲ್ಲಿದ್ದಾರೆ ಎಂಬ ಘೋಷಣೆಯನ್ನು ಮನವಿಯಲ್ಲಿ ಸೇರಿಸತಕ್ಕದ್ದು. ಈ ಒಂದು ವಾಕ್ಯವಿಲ್ಲದಿದ್ದರೆ ಮನವಿಯು ಪರಿಗಣನೆಗೇ ಬರುವುದಿಲ್ಲ.

ಮನವಿಯ ಬಲವೆಲ್ಲ ವೈದ್ಯಕೀಯ ದಾಖಲೆಯಲ್ಲಿದೆ. ಕುಟುಂಬದವರು ಖಾಸಗಿ ವೈದ್ಯರಿಂದ ತಂದ ಪತ್ರವೊಂದರಿಂದಲೇ ಸರ್ಕಾರಕ್ಕೆ ತೃಪ್ತಿಯಾಗುವುದು ಕಷ್ಟ. ಕಾರಾಗೃಹದ ವೈದ್ಯಾಧಿಕಾರಿಯ ವರದಿ, ಕೃಷ್ಣರಾಜೇಂದ್ರ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಯ ಚಿಕಿತ್ಸಾ ದಾಖಲೆಗಳು ಹಾಗೂ ತಜ್ಞ ವೈದ್ಯರ ಮಂಡಳಿಯ ಅಭಿಪ್ರಾಯಕ್ಕೆ ಹೆಚ್ಚಿನ ತೂಕವಿರುತ್ತದೆ. "ರೋಗಿಯು ಅಸ್ವಸ್ಥರಾಗಿದ್ದಾರೆ" ಎಂಬ ಸಾಮಾನ್ಯ ಒಕ್ಕಣೆಯಿಂದ ಪ್ರಯೋಜನವಾಗದು. ಕಾಯಿಲೆ ಯಾವುದು, ಯಾವ ಹಂತದಲ್ಲಿದೆ, ಗುಣವಾಗುವ ಸಂಭವವಿದೆಯೇ, ಅಗತ್ಯವಾದ ಚಿಕಿತ್ಸೆಯನ್ನು ಬಂಧನದಲ್ಲಿಟ್ಟುಕೊಂಡೇ ನೀಡಲು ಸಾಧ್ಯವೇ ಎಂಬ ಪ್ರಶ್ನೆಗಳಿಗೆ ದಾಖಲೆಯು ನೇರವಾಗಿ ಉತ್ತರಿಸಬೇಕು. ಅನೇಕ ಮನವಿಗಳು ಸೋಲುವುದು ಈ ಕೊನೆಯ ಪ್ರಶ್ನೆಯಲ್ಲಿಯೇ. ಬಿಡುಗಡೆಯ ನಂತರ ರೋಗಿಯನ್ನು ಯಾರು, ಎಲ್ಲಿ ನೋಡಿಕೊಳ್ಳುತ್ತಾರೆ ಎಂಬುದನ್ನೂ ಮನವಿಯಲ್ಲಿ ತಿಳಿಸುವುದು ಒಳ್ಳೆಯದು. ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯವನ್ನೂ ಸರ್ಕಾರವು ಕೇಳಬಹುದಾದ್ದರಿಂದ ತೀರ್ಪಿನ ಪ್ರತಿಯನ್ನು ಲಗತ್ತಿಸಿದರೆ ಸಮಯ ಉಳಿಯುತ್ತದೆ.

ಜೀವಾವಧಿ ಬಂದಿಗಳ ಕುಟುಂಬದವರಿಗೆ ಒಂದು ವಿಶೇಷ ಅಡಚಣೆ ಇದೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದಲ್ಲಿ, ಕನಿಷ್ಠ 14 ವರ್ಷ ಕಾರಾಗೃಹವಾಸ ಮುಗಿಯದೆ ಬಿಡುಗಡೆ ಮಾಡುವಂತಿಲ್ಲವೆಂದು ಕಲಂ 475 ವಿಧಿಸುತ್ತದೆ. ಕಾಯಿಲೆಗೆ ಇದರಲ್ಲಿ ವಿನಾಯಿತಿ ಇಲ್ಲ. ಆದರೆ ಸಂವಿಧಾನದ 161ನೆಯ ಅನುಚ್ಛೇದದ ಅಡಿಯಲ್ಲಿ ರಾಜ್ಯಪಾಲರಿಗಿರುವ ಅಧಿಕಾರಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. 1980ರ ಮಾರು ರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆದುಕೊಳ್ಳಬೇಕಾಗಿರುವುದರಿಂದ ಇಲ್ಲಿಯೂ ವಿಷಯವು ಸರ್ಕಾರದ ಮುಂದೆಯೇ ಬರುತ್ತದೆ. 14 ವರ್ಷ ತುಂಬದ ಜೀವಾವಧಿ ಬಂದಿಯ ಪರವಾದ ಮನವಿಯಲ್ಲಿ 161ನೆಯ ಅನುಚ್ಛೇದವನ್ನು ಹೆಸರಿಸಿಯೇ ಕೋರತಕ್ಕದ್ದು.

ಗಾಂಧೀಜಿಯವರ 150ನೆಯ ಜಯಂತಿಯ ಅಂಗವಾಗಿ 2018 ಮತ್ತು 2019ರಲ್ಲಿ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ 2022 ಮತ್ತು 2023ರಲ್ಲಿ ನೀಡಲಾದ ವಿಶೇಷ ಮಾಫಿಯಲ್ಲಿ ಮಾರಕ ಕಾಯಿಲೆಯ ಬಂದಿಗಳೂ ಸೇರಿದ್ದರು. ಆ ಯೋಜನೆಗಳು ಮುಕ್ತಾಯಗೊಂಡಿವೆ. ಈಗ ಅವುಗಳನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸುವುದು ವ್ಯರ್ಥ. ಮಾದಕ ವಸ್ತುಗಳ ಕಾಯಿದೆಯಡಿ ಶಿಕ್ಷಿತರಾದವರಿಗೆ, ಸೇವನೆಯ ಪ್ರಕರಣಗಳನ್ನು ಹೊರತುಪಡಿಸಿ, ಆ ಕಾಯಿದೆಯ ಕಲಂ 32ಎ ಮಾಫಿಯನ್ನು ನಿರ್ಬಂಧಿಸುತ್ತದೆ.

ಅಲ್ಪಾವಧಿಯ ಚಿಕಿತ್ಸೆಗೆ ಪೆರೋಲ್ ಕೋರಬಹುದು. ಆದರೆ ಪೆರೋಲ್ ಬಿಡುಗಡೆಯಲ್ಲ. ಅವಧಿಪೂರ್ವ ಬಿಡುಗಡೆಗೆ ಬೇಕಾದ ವಾಸ್ತವ ಕಾರಾಗೃಹವಾಸವನ್ನು ಲೆಕ್ಕ ಹಾಕುವಾಗ ಆ ದಿನಗಳನ್ನು ಸೇರಿಸಲಾಗದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದೆ.

ಅವಧಿಪೂರ್ವ ಬಿಡುಗಡೆಯ ನೀತಿ ಇರುವ ರಾಜ್ಯಗಳಲ್ಲಿ, ಅರ್ಹ ಬಂದಿಯು ಅರ್ಜಿ ಸಲ್ಲಿಸದಿದ್ದರೂ ಸರ್ಕಾರವೇ ಪ್ರಕರಣವನ್ನು ಪರಿಗಣಿಸಬೇಕು, ತಿರಸ್ಕರಿಸಿದರೆ ಕಾರಣಗಳನ್ನು ದಾಖಲಿಸಿ ಬಂದಿಗೆ ತಿಳಿಸಬೇಕು ಎಂದು 2025ರ ಫೆಬ್ರವರಿ 18ರಂದು ಅದೇ ನ್ಯಾಯಾಲಯ ಆದೇಶಿಸಿದೆ. ಹಾಗೆಂದು ಕುಟುಂಬದವರು ಕಾಯುತ್ತ ಕೂರುವುದು ಉಚಿತವಲ್ಲ. ತಿರಸ್ಕಾರದ ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಮಂಜೂರಾದ ಮಾಫಿಗೆ ಷರತ್ತುಗಳಿರಬಹುದು. ಅವುಗಳನ್ನು ಉಲ್ಲಂಘಿಸಿದಲ್ಲಿ ಆದೇಶ ರದ್ದಾಗಿ ಉಳಿದ ಶಿಕ್ಷೆಯನ್ನು ಅನುಭವಿಸಬೇಕಾಗುತ್ತದೆ.

ಬಂಧನದಲ್ಲಿರುವ ವ್ಯಕ್ತಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮೈಸೂರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು ಅಥವಾ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮನವಿಯ ಕಡತ ಎಲ್ಲಿದೆ ಎಂಬುದು ತಿಳಿಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ, ವಿಷಯವು ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದೆಂದು ಮೇಲ್ಭಾಗದಲ್ಲಿಯೇ ನಮೂದಿಸತಕ್ಕದ್ದು. ಅಂತಹ ಮಾಹಿತಿಯನ್ನು 48 ಗಂಟೆಗಳೊಳಗೆ ಒದಗಿಸಬೇಕೆಂದು ಅಧಿನಿಯಮವು ವಿಧಿಸಿದೆ.