ಹನ್ನೊಂದರಿಂದ ಐದರವರೆಗೆ ನಾಯಿ ಎಲ್ಲಿ?

ಇಂಗ್ಲೆಂಡಿನಲ್ಲಿ ಬೇಸಿಗೆ ರಜೆಯ ಮಾತು ಶುರುವಾಗುವುದು ಜನವರಿಯ ಕೊರೆಯುವ ಚಳಿಯಲ್ಲಿ. ಕಿಟಕಿಯಾಚೆ ಅಂಗಳದಲ್ಲಿ ಕ್ಯಾರವಾನ್ ಹೊದಿಕೆ ಹೊದ್ದು ನಿಂತಿರುತ್ತದೆ. ಊಟದ ಮೇಜಿನ ಮೇಲೆ ಫ್ರಾನ್ಸಿನ ನಕ್ಷೆ, ಮೇಜಿನ ಕೆಳಗೆ ನಾಯಿ. ಎರಡು ವಾರ ದಕ್ಷಿಣದ ಬಿಸಿಲಿಗೆ ಹೋಗಿಬರುವುದೆಂದು ತೀರ್ಮಾನಿಸಲು ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಮಕ್ಕಳಲ್ಲೊಬ್ಬರು ಕೇಳುತ್ತಾರೆ: ಇವನೂ ಬರ್ತಾನಲ್ಲ? ಕೆಲವು ಮನೆಗಳಲ್ಲಿ ಆ ಒಂದು ಪ್ರಶ್ನೆಯ ಚರ್ಚೆ ಜೂನ್ ಬಂದರೂ ಮುಗಿದಿರುವುದಿಲ್ಲ.

ನಮ್ಮಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ತಾರೆಯರು ಚಿತ್ರೀಕರಣದ ನಡುವೆ ವಿಶ್ರಮಿಸುವ ಹವಾನಿಯಂತ್ರಿತ ಬಸ್ಸು. ಬ್ರಿಟನ್ನಿನ ಕ್ಯಾರವಾನ್ ಅಷ್ಟು ದೊಡ್ಡದಲ್ಲ. ಕಾರಿನ ಹಿಂಭಾಗಕ್ಕೆ ಸಿಕ್ಕಿಸಿ ಎಳೆದೊಯ್ಯುವ ಚಕ್ರದ ಮನೆ ಅದು. ಒಳಗೆ ಒಲೆ, ತೊಟ್ಟಿ, ಹಗಲಲ್ಲಿ ಸೋಫಾ ಆಗುವ ಹಾಸಿಗೆ, ಅಂಗೈಯಗಲದ ಶೌಚಾಲಯ. ಎಳೆದೊಯ್ಯುವಾಗ ಅದರೊಳಗೆ ಮನುಷ್ಯರು ಕೂರುವಂತಿಲ್ಲ, ಕಾನೂನು ಬಿಡುವುದಿಲ್ಲ. ನಾಯಿಯನ್ನು ಅದರಲ್ಲಿ ಕೂಡಿಹಾಕಿ ಹೊರಡುವುದನ್ನು ಬುದ್ಧಿಯಿರುವ ಯಾರೂ ಮಾಡುವುದಿಲ್ಲ. ಹಾಗಾಗಿ ನಾಯಿ ಬರುವುದಾದರೆ ಕಾರಿನಲ್ಲೇ ಬರಬೇಕು, ಮಕ್ಕಳ ಜೊತೆ, ಬೆಲ್ಟ್ ಕಟ್ಟಿಕೊಂಡೋ ಬೋನಿನಲ್ಲೋ. ಇಂಗ್ಲಿಷ್ ಕಡಲ್ಗಾಲುವೆಯಾಚೆಯ ಫ್ರೆಂಚ್ ಊರು ಕ್ಯಾಲೆಯಿಂದ ಮೆಡಿಟರೇನಿಯನ್ ಕರಾವಳಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ.

ಒಂದು ಕಾಲದಲ್ಲಿ ಈ ಚರ್ಚೆಗೆ ಜಾಗವೇ ಇರಲಿಲ್ಲ. ಇಪ್ಪತ್ತನೇ ಶತಮಾನದ ಉದ್ದಕ್ಕೂ ಹೊರದೇಶದಿಂದ ಬ್ರಿಟನ್ನಿಗೆ ಬರುವ ನಾಯಿಗೆ ಆರು ತಿಂಗಳ ಕ್ವಾರಂಟೈನ್ ವಿಧಿಯಾಗಿತ್ತು. ಎರಡು ವಾರದ ರಜೆಗೆ ಕರೆದೊಯ್ದ ನಾಯಿಯೂ ಅಷ್ಟೇ, ಮನೆಗೆ ಮರಳುವ ಮೊದಲು ಅರ್ಧ ವರ್ಷ ಕಂಬಿಯ ಹಿಂದೆ. ಕಾರಣ ರೇಬೀಸ್. ದ್ವೀಪದೇಶ 1922ರಲ್ಲಿ ಆ ರೋಗವನ್ನು ತನ್ನ ನೆಲದಿಂದ ಒರೆಸಿ ಹಾಕಿತ್ತು, ಮತ್ತೆ ಒಳಗೆ ಬಿಟ್ಟುಕೊಳ್ಳಲು ಸಿದ್ಧವಿರಲಿಲ್ಲ. ಆ ಭಯಕ್ಕೆ ಆಧಾರವೂ ಇತ್ತು. 1969ರಲ್ಲಿ ಜರ್ಮನಿಯಿಂದ ಬಂದ ನಾಯಿಯೊಂದು ಆರು ತಿಂಗಳ ಕ್ವಾರಂಟೈನ್ ಮುಗಿಸಿ ಹೊರಬಂದ ಮೇಲೆ ಸರ್ರೆ ಕೌಂಟಿಯ ಕ್ಯಾಂಬರ್ಲಿಯಲ್ಲಿ ಹುಚ್ಚು ಹಿಡಿದು ಜನರನ್ನು ಕಚ್ಚಿತು. ಸುದ್ದಿ ಕೇಳಿ ಇಡೀ ದೇಶ ಬೆಚ್ಚಿತು.

ಹಣವಿದ್ದವರು ಸುತ್ತುದಾರಿ ಹುಡುಕಿದರು. 1968ರಲ್ಲಿ ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್ ಲಂಡನ್ನಿಗೆ ಬಂದಾಗ ನಾಯಿಗಳನ್ನು ದಡಕ್ಕೆ ಇಳಿಸಲೇ ಇಲ್ಲ. ಥೇಮ್ಸ್ ನದಿಯಲ್ಲಿ ಒಂದು ವಿಹಾರನೌಕೆಯನ್ನು ಬಾಡಿಗೆಗೆ ಹಿಡಿದು ಅದರಲ್ಲೇ ಅವನ್ನು ಇರಿಸಿದರು. ನೀರಿನ ಮೇಲಿದ್ದರೆ ನೆಲಕ್ಕೆ ಬಂದಂತಲ್ಲವಲ್ಲ! ಹಾಂಗ್‌ಕಾಂಗ್‌ನ ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್‌ರ ಎರಡು ಪುಟಾಣಿ ಟೆರಿಯರ್‌ಗಳು, ವಿಸ್ಕಿ ಮತ್ತು ಸೋಡಾ, 1997ರಲ್ಲಿ ಯಜಮಾನನ ಜೊತೆ ಊರಿಗೆ ಮರಳುವ ಬದಲು ಫ್ರಾನ್ಸ್ ಸೇರಿದವು. 2000ದ ಫೆಬ್ರವರಿ 28ರಂದು ಬ್ರಿಟನ್ ಕೊನೆಗೂ ಬಾಗಿಲು ತೆರೆಯಿತು: ಚಿಪ್, ಲಸಿಕೆ, ರಕ್ತಪರೀಕ್ಷೆ ಇದ್ದರೆ ಯುರೋಪಿನಿಂದ ಬರುವ ನಾಯಿಗೆ ಕ್ವಾರಂಟೈನ್ ಬೇಡ. 2012ರಿಂದ ರಕ್ತಪರೀಕ್ಷೆಯ ಕಾಟವೂ ತಪ್ಪಿತು. ಸಣ್ಣ ನೀಲಿ ಪಾಸ್‌ಪೋರ್ಟ್ ಒಂದಿದ್ದರೆ ನಾಯಿ ತನ್ನ ಜೀವಮಾನವೆಲ್ಲ ಹೋಗಿಬರಬಹುದಿತ್ತು. ಕ್ಯಾರವಾನ್ ಕುಟುಂಬಗಳಿಗೆ ಅದು ಸುವರ್ಣಕಾಲ.

ಬ್ರೆಕ್ಸಿಟ್ ಅದಕ್ಕೆ ತೆರೆ ಎಳೆಯಿತು. 2021ರ ಜನವರಿ 1ರಿಂದ ಬ್ರಿಟನ್ನಿನ ಪಾಸ್‌ಪೋರ್ಟ್ ಹೊತ್ತ ನಾಯಿಗೆ ಯುರೋಪಿನ ಒಕ್ಕೂಟದಲ್ಲಿ ಬೆಲೆಯಿಲ್ಲ. ಬದಲಿಗೆ ಪ್ರತಿ ಪ್ರಯಾಣಕ್ಕೂ ಹೊಸದಾಗಿ ಪ್ರಾಣಿ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕು. ಅಧಿಕೃತ ಪಶುವೈದ್ಯರು ಹಲವು ಪುಟಗಳ ಆ ಪತ್ರಕ್ಕೆ, ಮೊದಲು ಕಾಲಿಡುವ ದೇಶದ ಭಾಷೆಯಲ್ಲೂ ಬರೆದು, ಸಹಿ ಮತ್ತು ಮುದ್ರೆ ಹಾಕಬೇಕು. ಅದಾಗಿ ಹತ್ತು ದಿನದೊಳಗೆ ಗಡಿ ದಾಟಬೇಕು. ದಾಟಿದ ಮೇಲೆ ಕೆಲವು ತಿಂಗಳು ತಿರುಗಾಡಬಹುದು. ಶುಲ್ಕ ನೂರು ಪೌಂಡ್ ದಾಟುವುದು ಮಾಮೂಲು. ಒಂದೇ ಪತ್ರದಲ್ಲಿ ಐದು ಪ್ರಾಣಿಗಳವರೆಗೆ ಸೇರಿಸಬಹುದೆಂಬುದು ಎರಡು ನಾಯಿ ಸಾಕಿದವರಿಗೆ ಸಿಗುವ ಸಣ್ಣ ಲಾಭ. ಇದಕ್ಕೆ ಮೊದಲೇ ಹದಿನೈದು ಅಂಕಿಯ ಮೈಕ್ರೋಚಿಪ್ ಚರ್ಮದಡಿ ಇರಬೇಕು, ಆಮೇಲೆ ಅಥವಾ ಅದೇ ದಿನ ರೇಬೀಸ್ ಲಸಿಕೆ, ಮೊದಲ ಲಸಿಕೆಯಾದರೆ ಇಪ್ಪತ್ತೊಂದು ದಿನ ಕಾಯುವಿಕೆ. ಲಸಿಕೆ ಹಾಕಿಸಿ ಆಮೇಲೆ ಚಿಪ್ ಹಾಕಿಸಿದವರು ಮತ್ತೆ ಮೊದಲಿನಿಂದ ಆರಂಭಿಸಬೇಕು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸೇರಿದ ಬ್ರಿಟನ್ ಮತ್ತು ಒಕ್ಕೂಟದವರು ನಾಯಿಯ ಪಾಸ್‌ಪೋರ್ಟನ್ನು ಮರಳಿ ತರುವುದಕ್ಕೆ ತಾತ್ವಿಕವಾಗಿ ಒಪ್ಪಿದರು.

ಇಷ್ಟು ಓದಿದವರಿಗೆ ಕಾಗದಪತ್ರವೇ ದೊಡ್ಡ ಅಡ್ಡಿ ಎನಿಸಬಹುದು. ಮನೆಯ ಚರ್ಚೆಯೂ ಬಹುಪಾಲು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಕಾಗದದ ಕೆಲಸ ಎಷ್ಟೇ ರೇಜಿಗೆಯಾದರೂ ಅದಕ್ಕೊಂದು ಉತ್ತರವಿದೆ. ಹಣ ಕೊಟ್ಟು, ಕ್ಯಾಲೆಂಡರ್ ನೋಡಿಕೊಂಡರೆ ಮುಗಿಯುತ್ತದೆ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಅಲ್ಲಿಗೆ ತಲುಪಿದ ಮೇಲೆ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ, ನಾಯಿ ಎಲ್ಲಿರುತ್ತದೆ?

ಕಡಲತೀರದಲ್ಲಿ ಎನ್ನುವಂತಿಲ್ಲ. ಫ್ರಾನ್ಸ್, ಸ್ಪೇನ್‌ಗಳ ಬಹಳಷ್ಟು ಕಡಲತೀರಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಾಯಿಗೆ ನಿಷೇಧ. ಕೋಟೆ, ಮ್ಯೂಸಿಯಂ, ಮಕ್ಕಳು ಹಟ ಹಿಡಿಯುವ ವಾಟರ್ ಪಾರ್ಕ್ ಇವುಗಳ ಬಾಗಿಲಲ್ಲೂ ಅದೇ ಫಲಕ. (ಫ್ರೆಂಚರ ಹೋಟೆಲುಗಳು ಮಾತ್ರ ಉದಾರಿ, ಮೇಜಿನ ಕೆಳಗೆ ನಾಯಿ ಮಲಗಿದ್ದರೆ ಮಾಣಿ ನೀರಿನ ಬಟ್ಟಲು ತಂದಿಡುವುದೂ ಉಂಟು.) ಕಾರಿನಲ್ಲಿ ಬಿಡೋಣವೆಂದರೆ ಅದು ಕೊಲೆಗೆ ಸಮ. ಹೊರಗೆ 22 ಡಿಗ್ರಿ ಇದ್ದರೂ ಒಂದು ಗಂಟೆಯಲ್ಲಿ ಕಾರಿನೊಳಗೆ 47 ಡಿಗ್ರಿ ಮುಟ್ಟಬಹುದೆಂದು ಬ್ರಿಟನ್ನಿನ ಪ್ರಾಣಿದಯಾ ಸಂಘ ವರ್ಷವರ್ಷವೂ ಎಚ್ಚರಿಸುತ್ತದೆ. 22 ಎಂದರೆ ನಮ್ಮ ಬೆಂಗಳೂರಿನ ಹಿತವಾದ ಬೆಳಗು. ಜುಲೈನ ದಕ್ಷಿಣ ಫ್ರಾನ್ಸ್ ಅದಕ್ಕಿಂತ ಎಷ್ಟೋ ಬಿಸಿ.

ಉಳಿದದ್ದು ಕ್ಯಾರವಾನ್. ತೆಳು ಗೋಡೆ, ಮಾಡಿನಲ್ಲಿ ಪ್ಲಾಸ್ಟಿಕ್ ಬೆಳಕಿಂಡಿ. ಮರದ ನೆರಳಿಲ್ಲದಿದ್ದರೆ ಮಧ್ಯಾಹ್ನ ಅದೂ ಒಲೆಯೇ. ಎಸಿ ಹಾಕಿಸಿದ್ದೇವೆ ಎನ್ನುವವರು ಕ್ಯಾಂಪ್‌ಸೈಟಿನ ವಿದ್ಯುತ್ ಕಂಬವನ್ನು ಒಮ್ಮೆ ನೋಡಬೇಕು. ಫ್ರಾನ್ಸಿನ ಎಷ್ಟೋ ಕಡೆ ಒಂದು ಜಾಗಕ್ಕೆ ಸಿಗುವುದು 6 ಆಂಪಿಯರ್, ಅಂದರೆ 1,400 ವ್ಯಾಟ್‌ಗೂ ಕಡಿಮೆ. ಎಸಿ, ಫ್ರಿಜ್ ಓಡುತ್ತಿರುವಾಗ ಯಾರೋ ಚಹಾಕ್ಕೆ ವಿದ್ಯುತ್ ಕೆಟಲ್ ಹಚ್ಚಿ ಹೊರಟರೆ ಬ್ರೇಕರ್ ಬೀಳುತ್ತದೆ, ಎಸಿ ನಿಲ್ಲುತ್ತದೆ. ಒಳಗಿರುವ ನಾಯಿಗೆ ಬೆವರಲು ಪಾದದಡಿಯ ಚರ್ಮ ಬಿಟ್ಟರೆ ಬೇರೆ ಜಾಗವಿಲ್ಲ, ಮೈ ತಣಿಸಿಕೊಳ್ಳಲು ನಾಲಗೆ ಚಾಚಿ ಏದುಸಿರು ಬಿಡುವುದೊಂದೇ ದಾರಿ. ಪಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯವಕ್ಕೆ ಆ ಏದುಸಿರೂ ಸಲೀಸಲ್ಲ. ಅದಕ್ಕೇ ಹಲವು ಕ್ಯಾಂಪ್‌ಸೈಟುಗಳು ನಾಯಿಯನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂದು ನಿಯಮವನ್ನೇ ಮಾಡಿವೆ. ನಿಯಮ ಪಾಲಿಸಿದರೆ ಪ್ರತಿದಿನ ಮನೆಯವರಲ್ಲೊಬ್ಬರು ನಾಯಿಗೆ ಕಾವಲು. ಮೊದಲ ದಿನ ಅಪ್ಪ ಸಂತೋಷದಿಂದ ಪುಸ್ತಕ ಹಿಡಿದು ಕೂರುತ್ತಾರೆ. ನಾಲ್ಕನೇ ದಿನಕ್ಕೆ ಸರದಿಯ ಜಗಳ ಶುರು.

ಇದರಲ್ಲೊಂದು ವ್ಯಂಗ್ಯವೂ ಇದೆ. ನಾಯಿಗೆ ಈ ಪ್ರವಾಸ ಹೇಳಿಮಾಡಿಸಿದಂತಿರುವುದು ಮೇ ತಿಂಗಳಲ್ಲಿ ಅಥವಾ ಸೆಪ್ಟೆಂಬರಿನಲ್ಲಿ, ಅದೂ ಬ್ರಿಟನಿ, ನಾರ್ಮಂಡಿಗಳ ತಂಪು ಕರಾವಳಿಯಲ್ಲಿ. ಆಗ ಹೋಗಬಲ್ಲವರು ನಿವೃತ್ತ ದಂಪತಿಗಳು. ಹಟ ಹಿಡಿದು ನಾಯಿಯನ್ನು ಕರೆದೊಯ್ಯುವ ಮಕ್ಕಳಿಗೆ ಶಾಲೆ ಬಿಡುವುದು ಜುಲೈ ಕೊನೆಗೆ, ರಜೆ ಆಗಸ್ಟ್ ಪೂರ್ತಿ. ವರ್ಷದ ಕಡುಬಿಸಿಲಿಗೆ ಸರಿಯಾಗಿ.

ಬಿಸಿಲಿನ ಜೊತೆಗೆ ಕಣ್ಣಿಗೆ ಕಾಣದ್ದೂ ಇದೆ. ಸ್ಪೇನ್, ಇಟಲಿ, ದಕ್ಷಿಣ ಫ್ರಾನ್ಸ್‌ಗಳಲ್ಲಿ ಬೆಚ್ಚಗಿನ ತಿಂಗಳುಗಳಲ್ಲಿ, ಮುಸ್ಸಂಜೆಯಿಂದ ಬೆಳಗಿನವರೆಗೆ ಮರಳುನೊಣ ಹಾರುತ್ತದೆ. ಸದ್ದಿಲ್ಲ, ಸೊಳ್ಳೆಗಿಂತ ಚಿಕ್ಕದು. ಕಚ್ಚಿದರೆ ನಾಯಿಗೆ ಲೀಶ್ಮೇನಿಯಾಸಿಸ್ ತಗಲಬಹುದು. ಲಕ್ಷಣ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ; ಔಷಧಿ ಹತೋಟಿಯಲ್ಲಿಡುತ್ತದೆ, ಬೇರುಸಹಿತ ಕೀಳುವುದು ಕಷ್ಟ. ಈ ಹೆಸರಿನ ಹಿಂದೆ ನಮ್ಮ ದೇಶದ ನಂಟಿದೆ. ಬಿಹಾರ, ಬಂಗಾಳಗಳನ್ನು ಕಾಡಿದ ಕಾಲಾ ಅಜಾರ್ ಇದೇ ಕುಲದ ರೋಗ. ಅದರ ಪರಾವಲಂಬಿಯನ್ನು 1903ರಲ್ಲಿ ಗುರುತಿಸಿದ ಇಬ್ಬರಲ್ಲಿ ಲೀಶ್ಮನ್ ಇಂಗ್ಲೆಂಡಿನಲ್ಲಿದ್ದರು, ಚಾರ್ಲ್ಸ್ ಡೊನೊವನ್ ಮದರಾಸಿನಲ್ಲಿದ್ದರು. ಬಂಗಾಳದ ರೋಗ ಮನುಷ್ಯರಿಂದ ಮನುಷ್ಯರಿಗೆ ಹಬ್ಬುವಂಥದ್ದು. ಮೆಡಿಟರೇನಿಯನ್ ತಳಿಗೆ ನಾಯಿಯೇ ಮುಖ್ಯ ಆಸರೆ. ನೊಣವನ್ನು ದೂರವಿಡುವ ಔಷಧಿ ಲೇಪಿತ ಕೊರಳಪಟ್ಟಿಯನ್ನು ಹೊರಡುವ ಒಂದೆರಡು ವಾರ ಮೊದಲೇ ಕಟ್ಟಿ, ಕತ್ತಲಾಗುತ್ತಲೇ ನಾಯಿಯನ್ನು ಒಳಗೆ ಕರೆದುಕೊಳ್ಳಿ ಎನ್ನುತ್ತಾರೆ ಪಶುವೈದ್ಯರು. ಹೊರಗೆ ಕುರ್ಚಿ ಹಾಕಿಕೊಂಡು ಹರಟುವ ಹೊತ್ತು ಅದೇ ಎಂಬುದು ಬೇರೆ ಮಾತು.

ಪೈನ್ ಮರದಡಿಯ ಜಾಗ ನೆರಳಿಗೆ ಒಳ್ಳೆಯದು. ಆದರೆ ಚಳಿಗಾಲ ಮುಗಿದು ವಸಂತ ಬರುವ ಹೊತ್ತಿಗೆ ಆ ಮರಗಳಿಂದ ಒಂದು ಜಾತಿಯ ಕಂಬಳಿಹುಳು ಒಂದರ ಬಾಲಕ್ಕೊಂದು ತಲೆ ತಾಗಿಸಿ ಮೆರವಣಿಗೆಯಲ್ಲಿ ಇಳಿಯುತ್ತದೆ. ಕುತೂಹಲದಿಂದ ಮೂಸಿದ ನಾಯಿಯ ನಾಲಗೆ ಆ ರೋಮದ ವಿಷಕ್ಕೆ ಊದಿ, ಕೆಲವೊಮ್ಮೆ ಕೊಳೆತೇ ಹೋಗುತ್ತದೆ. ಈಸ್ಟರ್ ರಜೆಗೆ ಹೊರಡುವವರು ತಿಳಿದಿರಬೇಕಾದದ್ದು ಇದು. ಉಣುಗಿನ ಬಗ್ಗೆ ಮಲೆನಾಡಿನ ಓದುಗರಿಗೆ ಹೇಳಬೇಕಾಗಿಲ್ಲ. ಮಂಗನ ಕಾಯಿಲೆ ಕಂಡವರು ಅವರು. ಯುರೋಪಿನ ಉಣುಗು ನಾಯಿಗೆ ಬಬೇಸಿಯಾ ಅಂಟಿಸುತ್ತದೆ, ಕೆಂಪು ರಕ್ತಕಣ ಒಡೆಯುವ ರೋಗ. 2016ರ ಆರಂಭದಲ್ಲಿ ಎಸೆಕ್ಸ್‌ನ ಹಾರ್ಲೋ ಪಟ್ಟಣದಲ್ಲಿ ವಿದೇಶದ ಮುಖವನ್ನೇ ನೋಡದ ನಾಯಿಗಳಿಗೆ ಈ ರೋಗ ಬಂತು. ಯಾರದೋ ನಾಯಿಯ ಮೈಗೆ ಅಂಟಿ ಬಂದ ಉಣುಗು ಅಲ್ಲೇ ಬೀಡುಬಿಟ್ಟಿರಬೇಕು ಎಂಬುದು ತಜ್ಞರ ಊಹೆ.

ಹಾಗಾದರೆ ಬಿಟ್ಟುಹೋಗುವುದೇ? ಅದೂ ಸುಲಭವಲ್ಲ. ನಾಯಿಗಳ ಬೋರ್ಡಿಂಗ್‌ನಲ್ಲಿ ಆಗಸ್ಟಿಗೆ ಜಾಗ ವಸಂತದಲ್ಲೇ ತುಂಬಿರುತ್ತದೆ. ಎರಡು ನಾಯಿಗಳಾದರೆ ಖರ್ಚೂ ಇಮ್ಮಡಿ, ಪ್ರಮಾಣಪತ್ರದ ಹಣಕ್ಕಿಂತ ಎಷ್ಟೋ ಹೆಚ್ಚು. ಮನೆಯಲ್ಲೇ ಬಂದು ಇರುವವರನ್ನು ಹುಡುಕಬಹುದು. ಅಜ್ಜಿ ಇದ್ದರೆ ಅಜ್ಜಿಯ ಮನೆ. ಮನೆಯವರು ಕಣ್ಮರೆಯಾದರೆ ಊಟ ಬಿಡುವ ನಾಯಿಯೂ ಉಂಟು, ಎರಡನೇ ದಿನಕ್ಕೆ ಹೊಸ ಯಜಮಾನನ ಹಾಸಿಗೆ ಹತ್ತುವ ನಾಯಿಯೂ ಉಂಟು. ನಮ್ಮ ನಾಯಿ ಯಾವ ಬಗೆಯದು ಎಂದು ತಿಳಿಯಲು ಫೆಬ್ರವರಿಯಲ್ಲಿ ಎರಡು ರಾತ್ರಿ ಬಿಟ್ಟು ನೋಡಿದರೆ ಸಾಕು. ಕರೆದೊಯ್ಯುವುದಾದರೂ ಅಷ್ಟೇ: ಮೊದಲು ವೇಲ್ಸಿಗೋ ಡೆವನ್‌ಗೋ ಒಂದು ವಾರಾಂತ್ಯ ಕ್ಯಾರವಾನ್ ಎಳೆದುಕೊಂಡು ಹೋಗಿಬಂದರೆ, ಕಾರಿನಲ್ಲಿ ವಾಂತಿ ಮಾಡುತ್ತದೋ, ಪಕ್ಕದ ಡೇರೆಯವರನ್ನು ಕಂಡು ರಾತ್ರಿಯಿಡೀ ಬೊಗಳುತ್ತದೋ ಗೊತ್ತಾಗುತ್ತದೆ.

ದಾರಿಯೂ ಲೆಕ್ಕಕ್ಕೆ ಬರುತ್ತದೆ. ಫೋಕ್‌ಸ್ಟೋನ್‌ನಿಂದ ಕ್ಯಾಲೆಗೆ ಸುರಂಗದ ರೈಲಿನಲ್ಲಿ 35 ನಿಮಿಷ. ನಾಯಿ ಕಾರಿನಲ್ಲಿ ಮನೆಯವರ ಜೊತೆಯೇ ಇರುತ್ತದೆ. ಸ್ಪೇನಿಗೆ ನೇರ ಹೋಗುವ ಹಡಗು ಒಂದು ರಾತ್ರಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅದರಲ್ಲಿ ನಾಯಿ ಸಮೇತ ಮಲಗುವ ಕ್ಯಾಬಿನ್‌ಗಳಿವೆ, ಕೆಲವೇ ಇರುವುದರಿಂದ ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಪಿಟ್‌ಬುಲ್ ಮಾದರಿಯ, ವಂಶಾವಳಿ ಪತ್ರವಿಲ್ಲದ ನಾಯಿಗೆ ಫ್ರಾನ್ಸಿನೊಳಗೆ ಪ್ರವೇಶವೇ ಇಲ್ಲ. ರಾಟ್‌ವೈಲರ್ ಬೀದಿಗಿಳಿದರೆ ಬಾಯಿಗವಸು ಕಡ್ಡಾಯ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಇದೆಲ್ಲ ಕೇಳಿ ನಗು ಬಂದರೆ ಆಶ್ಚರ್ಯವಿಲ್ಲ. ಬೆಂಗಳೂರಿನಲ್ಲಿ ಬಿಟ್ಟುಬಂದ ನಾಯಿಯನ್ನು ಕರೆಸಿಕೊಳ್ಳಲು ಹೊರಟವರಿಗೆ ನಿಯಮ ಇನ್ನೂ ಬಿಗಿ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಸುಮಾರು ಮೂರನೇ ಒಂದರಷ್ಟು ಭಾರತದಲ್ಲೇ ಸಂಭವಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಾಗಿ ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು, ಫಲಿತಾಂಶ ಸರಿಯಿದ್ದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು, ಆಮೇಲೆ ವಿಮಾನದಲ್ಲಿ ಸರಕಾಗಿ ಬರಬೇಕು. ಅವರ ಪಾಲಿಗೆ ಕ್ಯಾಲೆಯವರೆಗಿನ 35 ನಿಮಿಷ ಮಕ್ಕಳಾಟ.

ಹೋಗುವುದಕ್ಕಿಂತ ಮರಳುವುದರಲ್ಲೇ ಹೆಚ್ಚಿನವರು ಎಡವುವುದು. ಮುಖ್ಯಭೂಮಿಯ ನರಿಗಳಲ್ಲಿರುವ ಒಂದು ಲಾಡಿಹುಳು ಬ್ರಿಟನ್ನಿನಲ್ಲಿಲ್ಲ. ಮನುಷ್ಯರ ಯಕೃತ್ತಿಗೆ ಇಳಿದರೆ ಪ್ರಾಣಕ್ಕೇ ಕುತ್ತು ತರುವ ಹುಳು ಅದು. ಆದ್ದರಿಂದ ಮರಳಿ ಕಾಲಿಡುವುದಕ್ಕೆ 24 ಗಂಟೆಗಿಂತ ಮೊದಲು, 120 ಗಂಟೆಯೊಳಗೆ, ಪಶುವೈದ್ಯರು ಕಣ್ಣೆದುರಲ್ಲೇ ಮಾತ್ರೆ ನುಂಗಿಸಿ ಹೊತ್ತುಗೊತ್ತು ಬರೆದು ಮುದ್ರೆ ಒತ್ತಬೇಕು. ಸೋಮವಾರ ಬೆಳಿಗ್ಗೆ ಊರು ಸೇರುವವರು ಶನಿವಾರದೊಳಗೆ ಈ ಕೆಲಸ ಮುಗಿಸಿರಬೇಕು. ಭಾನುವಾರ ಫ್ರಾನ್ಸಿನ ಸಣ್ಣ ಊರಿನಲ್ಲಿ ದವಾಖಾನೆಯ ಬಾಗಿಲು ತೆರೆದಿರುವುದಿಲ್ಲ. ಆ ಶನಿವಾರ ಕಾಯುವ ಕೋಣೆಯಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಮಾತೇ ಕೇಳಿಸುತ್ತದೆ. ಬಿಸಿಲಿಗೆ ಮೂಗು ಸುಲಿದ ಮಕ್ಕಳು, ಕೈಯಲ್ಲಿ ಕಾಗದದ ಕಟ್ಟು ಹಿಡಿದು ಕಸಿವಿಸಿಗೊಂಡ ಅಪ್ಪಂದಿರು, ತಣ್ಣನೆಯ ನೆಲಕ್ಕೆ ಹೊಟ್ಟೆ ಆನಿಸಿ ಮಲಗಿದ ನಾಯಿಗಳು. ಅಲ್ಲಿಂದ ಕ್ಯಾಲೆ. ರೈಲು ಹತ್ತುವ ಮೊದಲು ಪ್ರಾಣಿಗಳ ಕೌಂಟರಿನಲ್ಲಿ ಕಾರು ನಿಲ್ಲಿಸಿ ನಾಯಿಯನ್ನು ಒಳಗೆ ಕರೆದೊಯ್ಯಬೇಕು. ಸಿಬ್ಬಂದಿ ಚಿಪ್ ಓದುವ ಯಂತ್ರವನ್ನು ಯಜಮಾನರ ಕೈಗೇ ಕೊಡುತ್ತಾರೆ. ಅವರು ಅದನ್ನು ನಾಯಿಯ ಭುಜದ ಮೇಲೆ ಆಡಿಸುತ್ತಾರೆ, ಒಮ್ಮೆ, ಎರಡು ಸಲ. ಹದಿನೈದು ಅಂಕಿ ಮೂಡಿ ಬೀಪ್ ಎಂದ ಮೇಲೆ ಹಿಂದಿನವರ ಸರದಿ.