ಹಿಂದಿನ ಬೆಂಚಿಗೂ ಒಂದು ಬಜೆಟ್

ನಿವೃತ್ತಿಯಾದ ಮೇಲೆ ಅರ್ಜಿ ಬರೆಯುವುದೇ ನನ್ನ ಉದ್ಯೋಗವಾಗಿದೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿಯಾಗಿದ್ದು ಅರವತ್ತು ತುಂಬಿ ಮನೆಗೆ ಬಂದವಳನ್ನು ನಮ್ಮ ಚಳ್ಳಕೆರೆ ಸೀಮೆಯ ಒಂದು ಪುಟ್ಟ ಟ್ರಸ್ಟಿನವರು ಹಿಡಿದುಕೊಂಡರು. "ಮೇಡಂ, ಹೊಸದಾಗಿ ಬಂದಿರೋ ಶಿಕ್ಷಕರ ಜೊತೆ, ಹೊಸ ಎಚ್ಚೆಮ್‌ಗಳ ಜೊತೆ ಕೂತು ಕೆಲಸ ಹೇಳಿಕೊಡಬೇಕು ಅಂತಿದ್ದೀವಿ. ಹೇಳಿಕೊಡೋಕೆ ನಿಮ್ಮಂಥೋರು ಇದ್ದೀರಿ, ದುಡ್ಡಿಲ್ಲ. ಕಂಪನಿಯೋರಿಗೆ ಒಂದು ಪ್ರಪೋಸಲ್ ಬರೆದುಕೊಡಿ" ಎಂದರು. ಸರ್ವಿಸ್ಸಿನುದ್ದಕ್ಕೂ ಇಲಾಖೆ ಕೇಳಿದ ಮಾಹಿತಿ ತುಂಬಿಕೊಟ್ಟವಳಿಗೆ ಒಂದು ಅರ್ಜಿ ಏನು ಮಹಾ ಎಂದುಕೊಂಡು ಒಪ್ಪಿದೆ. ಇಲಾಖೆಯ ನಮೂನೆಯಲ್ಲಿ ಖಾಲಿ ಜಾಗ ತುಂಬಿದರಾಯಿತು. ಇಲ್ಲಿ ಹಾಗಲ್ಲ. ಯಾಕೆ ಬೇಕು ಎಂಬುದನ್ನು ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಮನಸ್ಸಿಗೆ ನಾಟುವಂತೆ ಹೇಳಬೇಕು.

ಬೇಕಾದದ್ದು ಯಾಕೆ ಎಂಬುದು ನಮ್ಮವರಿಗೆ ಗೊತ್ತೇ ಇದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ನಮ್ಮ ಸರ್ಕಾರ ಅಧಿಸೂಚನೆ ಹೊರಡಿಸಿತು. ಹಾಗೆ ಬಂದ ಹುಡುಗ ಹುಡುಗಿಯರು ಬಿ.ಎಡ್ ಮಾಡಿದವರು, ಟಿಇಟಿ ಪಾಸಾದವರು, ವಿಷಯ ಬಲ್ಲವರು. ಕೌನ್ಸೆಲಿಂಗ್‌ನಲ್ಲಿ ಊರು ಆರಿಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವರದಿ ಮಾಡಿಕೊಂಡು, ಬಸ್ಸಿಳಿದು ಶಾಲೆಗೆ ನಡೆದರೆ ಮೊದಲ ದಿನವೇ ಎರಡು ತರಗತಿ, ಬಿಸಿಯೂಟದ ಹಾಜರಿ, ಎಸ್‌ಎಟಿಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ವಿವರ ತುಂಬುವ ಕೆಲಸ, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಪಕ್ಕದ ಕೋಣೆಯ ಹಿರಿಯರನ್ನು ಕೇಳೋಣವೆಂದರೆ ಅವರೂ ಎರಡು ತರಗತಿ ಸೇರಿಸಿಕೊಂಡು ಕೂತಿರುತ್ತಾರೆ.

ಹೊಸಬರ ಜೊತೆ ಕೂತು ಕೆಲಸ ಹೇಳಿಕೊಡುವ ಜೊತೆಗಾರಿಕೆಗೆಂದೇ ಹುಟ್ಟಿದ ಹುದ್ದೆ ನಮ್ಮಲ್ಲಿ ಇಲ್ಲದಿಲ್ಲ. ತೊಂಬತ್ತರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿಪಿಇಪಿ) ಕಾಲದಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿಆರ್‌ಪಿಗಳಿದ್ದಾರೆ. ತರಗತಿಗೆ ಹೋಗಿ ನೋಡುವುದು, ಶಿಕ್ಷಕರಿಗೆ ಕೈಜೋಡಿಸುವುದು ಅವರ ಕೆಲಸ. ಆದರೆ ಮೇಲಿನಿಂದ ಕೇಳುವ ಅಂಕಿಅಂಶ ಒಟ್ಟುಮಾಡುವುದರಲ್ಲೇ ಅವರ ವಾರ ಕಳೆದುಹೋಗುತ್ತದೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರ ಫೋನ್ ಹೊಡೆದುಕೊಳ್ಳುವುದನ್ನು ನೋಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಥ ಜೊತೆಗಾರಿಕೆಗೆ, ಅಂದರೆ ಮೆಂಟರಿಂಗ್‌ಗೆ, ಒಂದು ರಾಷ್ಟ್ರೀಯ ಮಿಷನ್ ಆಗಬೇಕೆಂದಿತು. 2022ರಲ್ಲಿ ಅದನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದು ಕೇಂದ್ರೀಯ ವಿದ್ಯಾಲಯ, ನವೋದಯದಂಥ 30 ಶಾಲೆಗಳಲ್ಲಿ. ಅದು ನಮ್ಮ ಗೊಲ್ಲರಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಗೆ ಬರುವವರೆಗೆ ಕಾಯುತ್ತ ಕೂತರೆ ಈಗಿನ ಹೊಸಬರು ಹಳಬರಾಗಿರುತ್ತಾರೆ. ಅಮೆರಿಕದ ಒರೆಗಾನ್ ರಾಜ್ಯ 2007ರಲ್ಲೇ ಕಾನೂನು ಮಾಡಿ ಹೊಸ ಶಿಕ್ಷಕರಿಗೂ ಹೊಸ ಶಾಲಾ ಆಡಳಿತಗಾರರಿಗೂ ಮೆಂಟರ್ ಒದಗಿಸಲು ಸರ್ಕಾರದಿಂದಲೇ ಅನುದಾನ ಕೊಡುವ ಏರ್ಪಾಡು ಮಾಡಿಕೊಂಡಿದೆ. ನಮ್ಮಲ್ಲಿ ಸದ್ಯಕ್ಕೆ ಸಣ್ಣ ಸಂಸ್ಥೆಗಳಿಗೆ ಕಾಣುವ ದೊಡ್ಡ ಬಾಗಿಲು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ.

ಆ ಬಾಗಿಲಿನ ನಿಯಮ ಸರಳವಾಗಿ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ದುಡ್ಡು ಪಡೆಯುವ ಟ್ರಸ್ಟ್ ಅಥವಾ ಸಂಘಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಫಾರಂ ತುಂಬಿ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. ಜೊತೆಗೆ ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಹುಮ್ಮಸ್ಸಿನಿಂದ ನಿನ್ನೆ ಮೊನ್ನೆ ಟ್ರಸ್ಟ್ ಮಾಡಿಕೊಂಡವರು ಮುಗ್ಗರಿಸುವುದು ಈ ಮೂರು ವರ್ಷದಲ್ಲೇ. ಅಂಥವರು ಕಂಪನಿಯ ಬಾಗಿಲು ತಟ್ಟಿ ಚಪ್ಪಲಿ ಸವೆಸುವ ಬದಲು ಅದೇ ಜಿಲ್ಲೆಯ ಹಳೆಯ ಸಂಸ್ಥೆಯೊಂದರ ಜೊತೆ ಸೇರಿ, ಅದರ ಹೆಸರಿನಲ್ಲಿ ಅರ್ಜಿ ಹಾಕುವುದು ಮೇಲು.

ಕಾಗದಪತ್ರ ಸರಿ ಇದ್ದಮೇಲೆ ನಿಜವಾದ ಜಗ್ಗಾಟ ಬಜೆಟ್ಟಿನದು. ನಾವು ಬರೆದ ಒಂದು ಅರ್ಜಿಯ ಲೆಕ್ಕ ಹೀಗಿತ್ತು. ನಾಲ್ವರು ಮೆಂಟರ್‌ಗಳು, ಎಲ್ಲರೂ ನಿವೃತ್ತ ಶಿಕ್ಷಕರು. ಒಬ್ಬೊಬ್ಬರಿಗೆ ಹತ್ತು ಹೊಸ ಶಿಕ್ಷಕರು, ಇಬ್ಬರು ಹೊಸ ಮುಖ್ಯ ಶಿಕ್ಷಕರು. ಶಿಕ್ಷಕರಲ್ಲಿಗೆ ತಿಂಗಳಿಗೆ ಎರಡು ಸಲ, ಮುಖ್ಯ ಶಿಕ್ಷಕರಲ್ಲಿಗೆ ಒಂದು ಸಲ. ಅಲ್ಲಿಗೆ ಒಬ್ಬ ಮೆಂಟರ್‌ಗೆ ತಿಂಗಳಿಗೆ 22 ಭೇಟಿ, ತಿಂಗಳ ಕೆಲಸದ ದಿನಗಳೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಮುಗಿದವು. ಗೌರವಧನ ತಿಂಗಳಿಗೆ 20,000ದಂತೆ ಹತ್ತು ತಿಂಗಳಿಗೆ 8 ಲಕ್ಷ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಿರುವ ಊರುಗಳಿವು, ಸ್ಕೂಟರ್ ಇಲ್ಲದೆ ಆಗದು. ಪೆಟ್ರೋಲಿಗೆ 1.6 ಲಕ್ಷ. ಮೆಂಟರ್‌ಗಳು ತಾವೇ ಕೂಡಿ ಮಾತಾಡುವ ಸಭೆಗಳಿಗೆ 60,000, ಲೆಕ್ಕ ಬರೆಯುವವರಿಗೂ ಆಡಿಟ್ಟಿಗೂ 60,000, ಮುದ್ರಣಕ್ಕೆ 20,000. ಒಟ್ಟು 11 ಲಕ್ಷ, 48 ಜನರಿಗೆ. ತಲೆಗೆ ಸುಮಾರು 23,000 ರೂಪಾಯಿ.

ಕಂಪನಿಯ ಸಿಎಸ್‌ಆರ್ ವಿಭಾಗದ ಹುಡುಗ ಸಭ್ಯಸ್ಥ. ಕಾಫಿ ತರಿಸಿ, ಹಾಳೆ ತಿರುವಿ, "ಮೇಡಂ, ಬೆನಿಫಿಷಿಯರಿ ನಂಬರ್ ತುಂಬ ಕಡಿಮೆ ಆಯ್ತಲ್ಲ? ಇದೇ ಬಜೆಟ್ಟಲ್ಲಿ ಒಂದು ಸಾವಿರ ಟೀಚರ್ಸ್‌ಗೆ ಹಾಲ್‌ನಲ್ಲಿ ಒಂದು ದಿನದ ಟ್ರೇನಿಂಗ್ ಮಾಡಬಹುದು, ಕಿಟ್ ಕೂಡ ಕೊಡಬಹುದು" ಎಂದ. ಕಿಟ್ ಎಂದರೆ ಕಂಪನಿಯ ಲಾಂಛನವಿರುವ ಬ್ಯಾಗು, ಪೆನ್ನು, ನೀರಿನ ಬಾಟಲಿ. ಅಂಥ ಬ್ಯಾಗು ನಮ್ಮ ಮನೆಯಲ್ಲೂ ಹಲವಿವೆ, ತರಕಾರಿ ತರಲು ಬಳಕೆಗೆ ಬರುತ್ತವೆ.

ಅವನಿಗೆ ನಾನು ಹೇಳಿದ್ದು ಆರನೇ ತರಗತಿಯೊಂದರ ಸಂಗತಿ. ಹೊಸ ಮೇಡಂ ದಶಮಾಂಶ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ 0.5, 0.25 ಬರೆದು ಯಾವುದು ದೊಡ್ಡದು ಎಂದರು. ಇಡೀ ತರಗತಿ ಒಂದೇ ದನಿಯಲ್ಲಿ "ಸೊನ್ನೆ ಬಿಂದು ಇಪ್ಪತ್ತೈದು" ಎಂದಿತು. "ತಪ್ಪು" ಎಂದು ಮೇಡಂ ಸರಿಯುತ್ತರ ಬರೆದರು, ಮಕ್ಕಳು ನಕಲು ಮಾಡಿಕೊಂಡರು, ಪಾಠ ಮುಂದಕ್ಕೆ ಹೋಯಿತು. ನಮ್ಮ ಮೆಂಟರ್ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳು ಆಡಿದ್ದನ್ನಷ್ಟೇ ಬರೆದುಕೊಂಡಿದ್ದರು. ಬಿಡುವಿನಲ್ಲಿ ಟೀ ಕುಡಿಯುತ್ತ ಕೇಳಿದರು: "ಇಪ್ಪತ್ತೈದು ಅಂತ ಅಂದಾಗ ಅವರ ತಲೇಲಿ ಏನಿತ್ತಮ್ಮಾ?" ಆ ಹೊಸ ಶಿಕ್ಷಕಿ ಸ್ವಲ್ಪ ಹೊತ್ತು ಯೋಚಿಸಿ, "ಐದಕ್ಕಿಂತ ಇಪ್ಪತ್ತೈದು ದೊಡ್ಡದು ಅಂತ... ಬಿಂದು ಇರೋದನ್ನ ಅವರು ನೋಡೇ ಇಲ್ಲ" ಎಂದಳು. ಮುಂದಿನ ಸಲ ಹೋದಾಗ ಬೋರ್ಡಿನ ಪಕ್ಕ ಮೀಟರ್ ಪಟ್ಟಿ ಇತ್ತು. ಅರ್ಧ ಮೀಟರ್ ಎಲ್ಲಿಗೆ ಬರುತ್ತದೆ, ಕಾಲು ಮೀಟರ್ ಎಲ್ಲಿಗೆ ಎಂದು ಮಕ್ಕಳೇ ಬಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮೆಂಟರ್ ಉತ್ತರ ಹೇಳಿಕೊಡಲಿಲ್ಲ ಎಂಬುದನ್ನು ಗಮನಿಸಿ. ಹಾಲ್‌ನಲ್ಲಿ ಸಾವಿರ ಜನರನ್ನು ಕೂರಿಸಿ ದಶಮಾಂಶದ ಮೇಲೆ ಭಾಷಣ ಮಾಡಿದರೆ ಈ ಶಿಕ್ಷಕಿಯ ತರಗತಿಯಲ್ಲಿ ಹೀಗಾಯಿತೆಂದು ಯಾರಿಗೆ ಗೊತ್ತಾಗುತ್ತಿತ್ತು?

ಸಂಶೋಧನೆಯ ಆಧಾರ ಬೇಕೆಂದರೆ ಅದೂ ಇದೆ. ಕ್ರಾಫ್ಟ್, ಬ್ಲಾಜರ್, ಹೋಗನ್ ಎಂಬ ಮೂವರು ವಿದ್ವಾಂಸರು 2018ರಲ್ಲಿ, ತರಗತಿಗೇ ಹೋಗಿ ಶಿಕ್ಷಕರಿಗೆ ಮಾಡುವ ಕೋಚಿಂಗ್ ಬಗೆಗಿನ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾಠದ ಗುಣಮಟ್ಟವೂ ಮಕ್ಕಳ ಕಲಿಕೆಯೂ ಸುಧಾರಿಸುತ್ತವೆ ಎಂಬುದು ಒಂದು ತೀರ್ಮಾನ. ಶಿಕ್ಷಕರ ಸಂಖ್ಯೆ ನೂರು ದಾಟಿದ ಕಾರ್ಯಕ್ರಮಗಳಲ್ಲಿ ಪರಿಣಾಮ ಗಣನೀಯವಾಗಿ ಇಳಿಯುತ್ತದೆ ಎಂಬುದು ಇನ್ನೊಂದು. ಇವೆಲ್ಲ ಬಹುಮಟ್ಟಿಗೆ ಅಮೆರಿಕದಂಥ ಶ್ರೀಮಂತ ದೇಶಗಳ ಶಾಲೆಗಳ ಮಾತು, ಹಾಗೆಂದು ಅರ್ಜಿಯಲ್ಲೂ ಬರೆಯಬೇಕು. ಆದರೂ "ಸಂಖ್ಯೆ ಕಡಿಮೆ" ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಮುಖ್ಯ ಶಿಕ್ಷಕರ ವಿಷಯಕ್ಕೆ ಬಂದರೆ ಅರ್ಜಿ ಬರೆಯುವವರೂ ಮರೆಯುತ್ತಾರೆ, ದುಡ್ಡು ಕೊಡುವವರೂ ಕೇಳುವುದಿಲ್ಲ. ಶಾಲಾ ನಾಯಕತ್ವದ ತರಬೇತಿಗೆ ನಮ್ಮ ಧಾರವಾಡದಲ್ಲಿ ಸಿಸ್ಲೆಪ್ ಎಂಬ ಸಂಸ್ಥೆಯೇ ಇದೆ, ಒಳ್ಳೆಯದೇ. ಆದರೆ ಹಳ್ಳಿಯ ಶಾಲೆಯಲ್ಲಿ ಹಿರಿಯರು ನಿವೃತ್ತರಾದ ಮರುದಿನ ಪ್ರಭಾರ ವಹಿಸಿಕೊಳ್ಳುವವರು, ಬಂದು ವರ್ಷವೂ ಆಗದ ಶಿಕ್ಷಕರೇ ಆಗಿರಬಹುದು. ಅಂಥ ಒಬ್ಬರ ಶಾಲೆಗೆ ನಾನೇ ಹೋಗಿದ್ದೆ. ಅರವತ್ತೆರಡು ಮಕ್ಕಳು. ಮೇಜಿನ ಮೇಲೆ ನಗದು ಪುಸ್ತಕ, ಚೆಕ್‌ ಬುಕ್, ಅಕ್ಷರ ದಾಸೋಹದ ದಾಸ್ತಾನು ವಹಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಮೇಲಿನ ಮಗುವಿಗೆ 150 ಗ್ರಾಂ. ಆ ಶಾಲೆಯಲ್ಲಿ ನಲವತ್ತು ಚಿಕ್ಕವರು, ಇಪ್ಪತ್ತೆರಡು ದೊಡ್ಡವರು, ಎಲ್ಲರೂ ಬಂದ ದಿನ 7 ಕಿಲೋ 300 ಗ್ರಾಂ. ಲೆಕ್ಕ ಅವರಿಗೆ ಬರುತ್ತಿತ್ತು. ಬಾರದಿದ್ದದ್ದು ಬೇರೆ: ವಹಿಯಲ್ಲಿ ಇದ್ದ ಅಕ್ಕಿಗೂ ಚೀಲದಲ್ಲಿ ಇದ್ದ ಅಕ್ಕಿಗೂ ತಾಳೆಯಾಗುತ್ತಿರಲಿಲ್ಲ. "ಹಿಂದಿನೋರನ್ನ ಕೇಳೋದು ಹೇಗೆ ಮೇಡಂ, ಗುರುಗಳ ಸಮಾನ" ಎಂದು ತಲೆ ತಗ್ಗಿಸಿದರು. "ಕೇಳೋದು ಬೇಡಪ್ಪ. ಇವತ್ತೇ ತೂಕ ಹಾಕಿಸಿ. ಎಷ್ಟಿದೆಯೋ ಅಷ್ಟೇ ಬರೆದು, ಎಸ್‌ಡಿಎಂಸಿ ಅಧ್ಯಕ್ಷರ ಸಹಿ ತಗೊಂಡು, ಆಮೇಲೆ ಚಾರ್ಜ್ ಲಿಸ್ಟಿಗೆ ನೀವು ಸಹಿ ಹಾಕಿ" ಎಂದೆ. ಹಣದ ಕಥೆಯೂ ಹೀಗೆಯೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನದ ಮಾನದಂಡವಿದೆ, ಅದರಲ್ಲಿ ಶೇ 10ನ್ನಾದರೂ ಸ್ವಚ್ಛತೆಗೆ ಬಳಸಬೇಕು. ಆಡಿಟ್ ಎಂದರೆ ಹೆದರುವ ಹೊಸ ಮುಖ್ಯ ಶಿಕ್ಷಕರು ಆ ಹಣವನ್ನು ಮುಟ್ಟುವುದೇ ಇಲ್ಲ, ಶೌಚಾಲಯದ ನಲ್ಲಿ ಸೋರುತ್ತಲೇ ಇರುತ್ತದೆ. ಇಂಥ ಶಾಲೆಗೆ ದಿನವಿಡೀ ಒಬ್ಬ ಅನುಭವಿ ಹೋಗಿ ಕೂರಬೇಕು ಎಂದು ಭೇಟಿಗಳ ಲೆಕ್ಕದಲ್ಲಿ ಬೇರೆಯದೇ ಸಾಲು ಹಾಕುತ್ತೇನೆ.

ಅರ್ಜಿಯಲ್ಲಿ ನಾನು ಯಾವ ಕಾರಣಕ್ಕೂ ಬಿಟ್ಟುಕೊಡದ ಷರತ್ತು ಒಂದಿದೆ: ಮೆಂಟರ್‌ನ ಡೈರಿ ಅಧಿಕಾರಿಗಳಿಗೂ ಹೋಗುವುದಿಲ್ಲ, ಕಂಪನಿಗೂ ಹೋಗುವುದಿಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲಿ ಪ್ರೊಬೇಷನ್ ಕಡಿಮೆಯೆಂದರೆ ಎರಡು ವರ್ಷ. ಆ ಎರಡು ವರ್ಷ ಹೊಸ ಶಿಕ್ಷಕರು ತಮಗೆ ಬಾರದ್ದನ್ನು ಮುಚ್ಚಿಡುವುದು ಸಹಜ. ಮೆಂಟರ್ ಬರೆದುಕೊಂಡದ್ದು ಬಿಇಒ ಮೇಜಿಗೆ ಹೋಗುತ್ತದೆ ಎಂದು ಒಮ್ಮೆ ಸುದ್ದಿಯಾದರೆ ಸಾಕು, ಮುಂದಿನ ಸಲದಿಂದ ತೋರಿಕೆಯ ಪಾಠ ಶುರುವಾಗುತ್ತದೆ. ಹಾಗಾದರೆ ಕಂಪನಿಗೆ ವರದಿ ಏನು ಕೊಡುತ್ತೀರಿ ಎಂದರೆ, ಭೇಟಿಗಳ ಸಂಖ್ಯೆ, ಹೆಸರಿಲ್ಲದೆ ಬರೆದ ತರಗತಿಯ ಪ್ರಸಂಗಗಳು, ವರ್ಷದ ಆರಂಭ ಮತ್ತು ಕೊನೆಯಲ್ಲಿ ಮಕ್ಕಳ ಕಲಿಕೆಯ ಒಂದು ಸರಳ ಅಳತೆ. ಅಷ್ಟು ಸಾಕು ಎನ್ನುವ ಕಂಪನಿಗಳೂ ಇವೆ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಹಲವು ಕಂಪನಿಗಳಿಗೆ ದುಡ್ಡು ಖರ್ಚು ಮಾಡುವ ನೆನಪು ಬರುವುದು ಜನವರಿ ದಾಟಿದ ಮೇಲೆ. ಫೆಬ್ರವರಿಯಲ್ಲಿ ಚೆಕ್ ಕೊಟ್ಟು ಮಾರ್ಚ್ 31ರೊಳಗೆ ಮುಗಿಸಿ ಎನ್ನುತ್ತಾರೆ. ಮಾರ್ಚ್ ನಮಗೆ ಪರೀಕ್ಷೆಯ ತಿಂಗಳು, ಏಪ್ರಿಲ್ ಮಧ್ಯದಿಂದ ಬೇಸಿಗೆ ರಜೆ. ಕಾಯ್ದೆಯಲ್ಲೇ ಇದಕ್ಕೆ ದಾರಿಯಿದೆ. ಕಂಪನಿಯ ಮಂಡಳಿ ನಮ್ಮ ಕೆಲಸವನ್ನು 'ಮುಂದುವರಿಯುವ ಯೋಜನೆ' ಎಂದು ಒಪ್ಪಿದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ, ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಖರ್ಚು ಮಾಡಬಹುದು. ಅರ್ಜಿಯ ಮೊದಲ ಪುಟದಲ್ಲೇ ಹಾಗೆ ಕೇಳಿ. ಶಾಲೆಗಳಿಗೆ ಹೋಗಲು ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯ ಅನುಮತಿ ಪತ್ರವೂ ಬೇಕು, ಕೈಗೆ ಬರಲು ಅದು ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಪ್ರಾಂಶುಪಾಲರನ್ನು ಮೊದಲೇ ಕಂಡು ಮಾತಾಡಿಕೊಂಡಿದ್ದರೆ ಕೆಲಸ ಹಗುರ.

ಇಂಗ್ಲಿಷ್ ಬಾರದು ಎಂದು ಹಿಂಜರಿಯುವವರಿಗೆ ಒಂದು ಮಾತು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ತನ್ನ 'ಕಲಿ-ಕಲಿಸು' ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೇ ನೇರವಾಗಿ ಅನುದಾನ ಕೊಡುತ್ತ ಬಂದಿದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅದು ಕಲಾ ಶಿಕ್ಷಣಕ್ಕೆ ಮೀಸಲು, ನಮ್ಮ ಕೆಲಸಕ್ಕೆ ನೇರವಾಗಿ ಒದಗದು. ಆದರೆ ಕನ್ನಡದಲ್ಲಿ ಬರೆದ ಅರ್ಜಿಗೂ ದುಡ್ಡು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಾನು ಎಲ್ಲವನ್ನೂ ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಇಂಗ್ಲಿಷ್ ಬಲ್ಲ ಸೊಸೆಯ ಕೈಗೆ ಕೊಡುತ್ತೇನೆ.

ಇದನ್ನು ಓದುತ್ತಿರುವ ನಿವೃತ್ತ ಶಿಕ್ಷಕರೇ, ನಿಮ್ಮ ತಾಲ್ಲೂಕಿಗೆ ಈ ವರ್ಷ ಬಂದ ಹೊಸಬರು ಎಷ್ಟು ಜನ, ಪ್ರಭಾರದಲ್ಲಿ ನಡೆಯುತ್ತಿರುವ ಶಾಲೆಗಳು ಎಷ್ಟು ಎಂಬುದನ್ನು ಬಿಇಒ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಅರ್ಜಿಯ ಮೊದಲ ಪುಟಕ್ಕೆ ಬೇಕಾದದ್ದು ಅದೇ. ಎರಡು ಪುಟದ ಟಿಪ್ಪಣಿಯನ್ನು ದಸರಾ ರಜೆಯೊಳಗೆ ಸಿದ್ಧ ಮಾಡಿಟ್ಟುಕೊಳ್ಳಿ. ಜನವರಿ ದಾಟಿ ಫೋನ್ ಬಂದಾಗ ಬರೆಯಲು ಕೂತರೆ ಆಗುವುದಿಲ್ಲ.